ಸೆಕೆಂಡ್ ಹ್ಯಾಂಡ್ ಪಿಕಪ್: ಮೊದಲು ಲೋಡು ಕೇಳಿ, ಆಮೇಲೆ ರೇಟು

ಮೊದಲ ಗಾಡಿಯಾಗಿ ಹಳೆಯ ಮಿನಿ ಪಿಕಪ್ ಕೊಳ್ಳಬೇಕೆಂದಿರುವ ಓದುಗರ ಪ್ರಶ್ನೆಗಳಿಗೆ ಈ ಸಲದ ಅಂಕಣವನ್ನು ಬಿಟ್ಟುಕೊಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಕೋಲಾರದಿಂದ 18 ಕಿ.ಮೀ. ದೂರದ ಹಳ್ಳಿ ನಮ್ಮದು. ಒಂದೂವರೆ ಎಕರೆ ಟೊಮೆಟೊ ಇದೆ, ಒಂದು ಕೊಯ್ಲಿಗೆ 60–70 ಬಾಕ್ಸ್ ಬೀಳುತ್ತದೆ. ಇಷ್ಟು ದಿನ ಬಾಡಿಗೆ ಗಾಡಿಯಲ್ಲೇ ಮಂಡಿಗೆ ಹಾಕುತ್ತಿದ್ದೆವು. ಕೈಯಲ್ಲಿ ಮೂರೂವರೆ ಲಕ್ಷ ಇದೆ. ಟಾಟಾ ಏಸ್ ಸಾಕೇ, ಅಶೋಕ್ ಲೇಲ್ಯಾಂಡ್ ದೋಸ್ತ್ ಬೇಕೇ, ಬೊಲೆರೊ ಪಿಕಪ್ಪೇ ಆಗಬೇಕೇ? ಎಷ್ಟು ಹಳೆಯದಾದರೆ ನಡೆಯುತ್ತದೆ?

ಕಂಪನಿ ಹೆಸರು ಆಮೇಲೆ ನೋಡೋಣ, ಮೊದಲು ತೂಕದ ಲೆಕ್ಕ. ಕೋಲಾರ ಮಾರುಕಟ್ಟೆಯಲ್ಲಿ ಒಂದು ಬಾಕ್ಸ್ ಎಂದರೆ 15 ಕೆ.ಜಿ. ಹಣ್ಣು. ಕ್ರೇಟೂ ಸೇರಿ 17 ಎಂದಿಟ್ಟುಕೊಳ್ಳಿ. 70 ಬಾಕ್ಸಿಗೆ 1,190 ಕೆ.ಜಿ. ಆಯಿತು. ಏಸ್ ವರ್ಗದ ಗಾಡಿ ಹೊರುವುದು ಸುಮಾರು 750 ಕೆ.ಜಿ., ಅಂದರೆ 44 ಬಾಕ್ಸ್. ಮಾರುತಿ ಸೂಪರ್ ಕ್ಯಾರಿಯೂ ಹೆಚ್ಚುಕಡಿಮೆ ಅಷ್ಟೇ. ದೋಸ್ತ್ ಒಂದೂಕಾಲು ಟನ್‌ನ ಆಸುಪಾಸಿನದು. ಬೊಲೆರೊ ಪಿಕಪ್‌ನಲ್ಲಿ 1.3 ಟನ್‌ನದೂ ಇದೆ, 1.7 ಟನ್‌ನದೂ ಇದೆ. ಒಂದೇ ಹೆಸರಿನ ಗಾಡಿಯಲ್ಲೂ ಮಾಡೆಲ್‌ನಿಂದ ಮಾಡೆಲ್‌ಗೆ ತೂಕ ಬದಲಾಗುವುದರಿಂದ ಆರ್‌ಸಿಯನ್ನೇ ನೋಡಿ: ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿದದ್ದೇ ಹೊರಬಹುದಾದ ಭಾರ. ಬ್ರೋಕರ್ ‘ಒಂದೂವರೆ ಟನ್ ಆರಾಮಾಗಿ ಎಳೆಯುತ್ತೆ ಸಾರ್’ ಎನ್ನುವುದು ಬೇರೆ ಲೆಕ್ಕ.

ಏಸಿಗೆ 70 ಬಾಕ್ಸ್ ಹೇರಿದರೂ ಓಡುತ್ತದೆ. ತೊಂದರೆ ಇರುವುದೇ ಅಲ್ಲಿ. 2005ರಲ್ಲಿ ಬಂದ ಏಸ್‌ಗೆ ಇದ್ದದ್ದು 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್, 16 ಅಶ್ವಶಕ್ತಿ, 12 ಇಂಚಿನ ಚಕ್ರ. ಭಾರ ಮೀರಿದಾಗ ಆ ಸಣ್ಣ ಟೈರು ಬೇಗ ಕಾಯುತ್ತದೆ, ಏರಿನಲ್ಲಿ ಎಂಜಿನ್ ಕಾಯುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಕಾಯುತ್ತದೆ. ಜೊತೆಗೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ ಓವರ್‌ಲೋಡಿಗೆ 20,000 ರೂ. ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000. ಎರಡು ಟ್ರಿಪ್ ಹೊಡೆಯಬಹುದು, ದೂರ 18 ಕಿ.ಮೀ. ತಾನೇ ಎಂದರೆ, ಎರಡನೇ ಟ್ರಿಪ್ಪಿನ ಹಣ್ಣು ಹರಾಜಿಗೆ ತಡವಾಗುತ್ತದೆ.

ನಿಮಗೆ ದೋಸ್ತ್ ಸರಿ. ಮೂರು ಸಿಲಿಂಡರಿನ ಒಂದೂವರೆ ಲೀಟರ್ ಎಂಜಿನ್ ನಿಮ್ಮ ತೂಕಕ್ಕೆ ಸಾಕು. ಬೊಲೆರೊ ಪಿಕಪ್ಪಿನ ಎರಡೂವರೆ ಲೀಟರ್ ಎಂಜಿನ್ ಗಟ್ಟಿ, ಸಣ್ಣ ಊರಿನಲ್ಲೂ ಮೆಕ್ಯಾನಿಕ್ ಸಿಗುತ್ತಾರೆ, ಮಾರುವಾಗ ಬೆಲೆಯೂ ನಿಲ್ಲುತ್ತದೆ. ಆದರೆ ಅದೇ ಕಾರಣಕ್ಕೆ ನಿಮ್ಮ ದುಡ್ಡಿಗೆ ಸಿಗುವ ಬೊಲೆರೊ ಚೆನ್ನಾಗಿ ದುಡಿದು ದಣಿದದ್ದೇ ಆಗಿರುತ್ತದೆ. ಬೆಳೆಯಿಲ್ಲದ ತಿಂಗಳಲ್ಲಿ ಬಾಡಿಗೆಗೂ ಓಡಿಸುವ ಯೋಚನೆ ಇದ್ದರೆ ಮಾತ್ರ ಅದರ ಕಡೆ ನೋಡಿ.

ವಯಸ್ಸಿನ ವಿಷಯ. 2020ರ ಏಪ್ರಿಲ್‌ನಿಂದ ಹೊಸ ಹೊಗೆ ನಿಯಮ ಬಿಎಸ್6 ಬಂತು. ಬಿಎಸ್6 ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, ಅದು ಸುಟ್ಟು ಶುದ್ಧವಾಗಲು ಗಾಡಿ ಆಗಾಗ ಬಿಸಿಯಾಗಿ ದೂರ ಓಡಬೇಕು. ಎರಡು-ಮೂರು ಕಿ.ಮೀ. ಓಡಿ ನಿಲ್ಲುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಮೊದಲ ಗಾಡಿಗೆ 2017ರಿಂದ 2019ರ ನಡುವಿನ, ಅದರ ಹಿಂದಿನ ನಿಯಮದ ಬಿಎಸ್4 ಗಾಡಿ ನಮ್ಮ ಆಯ್ಕೆ. ಹಳ್ಳಿ ಮೆಕ್ಯಾನಿಕ್ಕಿಗೂ ಕೈಗೆ ಸಿಗುವ ಯಂತ್ರ ಅದು. ಒಂದು ಮಾತು ನೆನಪಿರಲಿ, 8 ವರ್ಷದವರೆಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎರಡು ವರ್ಷಕ್ಕೊಮ್ಮೆ, ಅದು ದಾಟಿದ ಮೇಲೆ ಪ್ರತಿ ವರ್ಷ.

ಮೂರೂವರೆ ಲಕ್ಷವನ್ನೂ ಗಾಡಿಗೇ ಸುರಿಯಬೇಡಿ. 50,000 ಪಕ್ಕಕ್ಕಿಡಿ. ಬಾಡಿಗೆ ಓಡಿಸುವ 7,500 ಕೆ.ಜಿ.ಯೊಳಗಿನ ಗೂಡ್ಸ್ ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ದರಪಟ್ಟಿಯಲ್ಲೇ 16,049 ರೂ., ತೆರಿಗೆ ಬೇರೆ. ಕಾರಿನ ಇನ್ಶೂರೆನ್ಸ್ ಅಂದಾಜಿನಲ್ಲಿ ಹೋದವರು ಇಲ್ಲೇ ಬೆಚ್ಚಿ ಬೀಳುವುದು. ಅದರ ಮೇಲೆ ಎರಡು ಟೈರು, ಬ್ಯಾಟರಿ, ಎಲ್ಲ ಆಯಿಲ್, ಫಿಲ್ಟರ್.

ಪ್ರಶ್ನೆ: ದಾವಣಗೆರೆಯಲ್ಲಿ ಎರಡು ಗಾಡಿ ನೋಡಿಟ್ಟಿದ್ದೇನೆ. ಮೆಕ್ಯಾನಿಕ್ಕನ್ನು ಕರೆದೊಯ್ಯುವ ಮೊದಲು ನಾನೇ ಏನೇನು ನೋಡಬಹುದು? ಎರಡೂ 40 ಸಾವಿರ ಕಿ.ಮೀ. ಒಳಗೇ ತೋರಿಸುತ್ತಿವೆ.

ಕಿ.ಮೀ. ಅಂಕಿಯನ್ನು ನಂಬಿ ಬೆಲೆ ಕಟ್ಟಬೇಡಿ. ಐದು ವರ್ಷಕ್ಕೆ 40,000 ಎಂದರೆ ದಿನಕ್ಕೆ 22 ಕಿ.ಮೀ. ಬಾಡಿಗೆ ಗಾಡಿ ಅಷ್ಟೇ ಓಡಿದ್ದರೆ ಅದರ ಮಾಲೀಕರು ಕಂತು ಕಟ್ಟುವುದೇ ಕಷ್ಟವಿತ್ತು. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದೆಯೇ, ಗೇರ್ ನಾಬಿನ ಮೇಲಿನ ಅಂಕಿ ಅಳಿಸಿದೆಯೇ, ಡ್ರೈವರ್ ಸೀಟು ಬಾಗಿಲ ಕಡೆ ಕುಸಿದಿದೆಯೇ ನೋಡಿ. ಕಂಪನಿ ಸರ್ವೀಸ್ ಸೆಂಟರಿನಲ್ಲಿ ಸರ್ವೀಸ್ ಮಾಡಿಸಿದ್ದರೆ ಅಲ್ಲಿ ದಾಖಲೆ ಇರುತ್ತದೆ, ಮಾಲೀಕರ ಮೂಲಕ ಕೇಳಿಸಿ.

ಕಿ.ಮೀ.ಗಿಂತ ಮುಖ್ಯವಾದ ಪ್ರಶ್ನೆ: ಈ ಗಾಡಿ ಇಷ್ಟು ವರ್ಷ ಏನು ಹೊತ್ತಿತ್ತು? ಬ್ರೆಡ್ಡು, ಔಷಧಿ, ತರಕಾರಿ ಸಾಗಿಸಿದ ಗಾಡಿ 1.2 ಲಕ್ಷ ಕಿ.ಮೀ. ಓಡಿದ್ದರೂ ಚಾಸಿ (ಗಾಡಿಯ ಅಡಿಯ ಚೌಕಟ್ಟು) ನೆಟ್ಟಗಿರುತ್ತದೆ. ಜಲ್ಲಿ, ಇಟ್ಟಿಗೆ, ಕಬ್ಬಿಣ ಹೊತ್ತದ್ದು 50,000ಕ್ಕೇ ಬಾಗಿರುತ್ತದೆ. ಮಾಲೀಕರು ನಿಜ ಹೇಳದಿದ್ದರೂ ಗಾಡಿಯ ಅಡಿ ಹೇಳುತ್ತದೆ. ಟಾರ್ಚ್ ಹಿಡಿದು ಹಿಂದಿನ ಆಕ್ಸಲ್ ಕೆಳಗೆ ನುಸುಳಿ. ಲೀಫ್ ಸ್ಪ್ರಿಂಗಿನ ಪ್ಲೇಟು ಎಣಿಸಿ, ಅದೇ ಮಾಡೆಲ್‌ನ ಇನ್ನೊಂದು ಗಾಡಿಯ ಜೊತೆ ಹೋಲಿಸಿ. ಒಂದು ಪ್ಲೇಟು ಹೆಚ್ಚಿದ್ದು, ಬಣ್ಣ ಬೇರೆಯಿದ್ದು, ಯು-ಬೋಲ್ಟಿನ ಚೂಡಿ ಹೊಸದಾಗಿ ಹೊಳೆಯುತ್ತಿದ್ದರೆ ಓವರ್‌ಲೋಡಿಗೆಂದೇ ಹಾಕಿಸಿದ್ದು. ಹಾಗೆ ಹಾಕಿದಾಗ ಭಾರ ತಡೆಯುವುದು ಸ್ಪ್ರಿಂಗು ಮಾತ್ರ. ಆಕ್ಸಲ್ ಹೌಸಿಂಗು, ಬೇರಿಂಗು, ಬ್ರೇಕು ಹಳೆಯವೇ. ಅಲ್ಲಿಂದ ಚಾಸಿಯ ಎರಡೂ ಉದ್ದ ಪಟ್ಟಿಗಳ ಮೇಲೆ ಕೈಯಾಡಿಸಿಕೊಂಡು ಮುಂದೆ ಬನ್ನಿ, ಕ್ಯಾಬಿನ್ ಮುಗಿದು ಲೋಡ್ ಬಾಡಿ ಶುರುವಾಗುವ ಜಾಗದವರೆಗೆ. ಬಾಗುವುದು, ಬಿರುಕು ಬಿಡುವುದು ಹೆಚ್ಚಾಗಿ ಅಲ್ಲೇ. ವೆಲ್ಡಿಂಗಿನ ಗಂಟು ಕೈಗೆ ಸಿಕ್ಕರೆ, ಅಥವಾ ಆ ಒಂದು ಅಡಿಗೆ ಮಾತ್ರ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಚೌಕಾಸಿ ಮಾಡುವುದೂ ಬೇಡ, ವಾಪಸು ಬನ್ನಿ. ಎಂಜಿನ್ ಬಿಚ್ಚಿ ರಿಪೇರಿ ಮಾಡಬಹುದು, ಚಾಸಿಗೆ ಆ ಭಾಗ್ಯವಿಲ್ಲ.

ಎಂಜಿನ್ ನೋಡಲು ಬೆಳಿಗ್ಗೆಯೇ ಹೋಗಿ, ‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿಡಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ (ಏಸ್, ಸೂಪರ್ ಕ್ಯಾರಿಗಳಲ್ಲಿ ಸೀಟು ಎತ್ತಬೇಕು). ಬೆಚ್ಚಗಿದ್ದರೆ ತಣ್ಣಗಿನ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಎಂಜಿನ್ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಒಳಗೆ ಹಸಿರೋ ಕೆಂಪೋ ಕೂಲಂಟ್ ಇರಬೇಕು. ಬರೀ ತುಕ್ಕು ನೀರಿದ್ದರೆ ಗಾಡಿ ಎಂದೋ ಕಾದು, ಬೋರ್‌ವೆಲ್ ನೀರು ತುಂಬಿಸಿಕೊಂಡಿದೆ. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿಸಿದಾಗ ಗುಳ್ಳೆ ಬರುತ್ತಲೇ ಇದ್ದರೆ, ಅಥವಾ ಆಯಿಲ್ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆಸಿದ ಕಾಫಿಯಂಥ ಜಿಡ್ಡು ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಸಣ್ಣ ಡೀಸೆಲ್ ಎಂಜಿನ್ ಒಮ್ಮೆ ಜೋರಾಗಿ ಕಾದರೆ ಹೆಡ್ಡೇ ಸೊಟ್ಟಗಾಗುತ್ತದೆ, ಆಗ ಬರೀ ಗ್ಯಾಸ್ಕೆಟ್ ಬದಲಿಸಿದರೆ ನಿಲ್ಲುವುದಿಲ್ಲ.

ಇನ್ನು ಪಿಸ್ಟನ್ ರಿಂಗು. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ಬಿಚ್ಚಿ, ಅದೇ ಬಾಯಿಯ ಮೇಲೆ ಮಗುಚಿ ಇಡಿ. ಕೊಂಚ ನಡುಗಿದರೆ ಸಹಜ. ಎಗರಿ ಬಿದ್ದರೆ, ಬಾಯಿಂದ ಬುಸುಬುಸು ಹೊಗೆ ಬಂದರೆ ರಿಂಗು ಸವೆದು ಎಂಜಿನ್ ಬಿಚ್ಚುವ ಕಾಲ ಬಂದಿದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೂ ಅದೇ ಕಥೆ. ಕಪ್ಪು ಹೊಗೆಗೆ ಇಂಜೆಕ್ಟರ್, ಏರ್ ಫಿಲ್ಟರ್ ಇತ್ಯಾದಿ ಕಾರಣವಿರಬಹುದು, ಅಷ್ಟು ಹೆದರಬೇಕಿಲ್ಲ. ಕೀ ತಿರುಗಿಸಿದಾಗ ಎಂಜಿನ್ ಲೈಟು, ಆಯಿಲ್ ಲೈಟು ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತುವುದೇ ಇಲ್ಲ ಎಂದರೆ ಬಲ್ಬು ಕಿತ್ತಿದ್ದಾರೋ ಎಂದು ಅನುಮಾನಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲವೆಂದರೆ ಬದಲಿಸಿಲ್ಲವೆಂದೇ ಲೆಕ್ಕ ಹಾಕಿ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಓಡಿಸಿ ನೋಡುವಾಗ ಎಲ್ಲರೂ ಮಾಡುವ ತಪ್ಪು ಖಾಲಿ ಗಾಡಿ ಓಡಿಸುವುದು. ಖಾಲಿ ಪಿಕಪ್ ಕುದುರೆಯಂತೆ ಓಡುತ್ತದೆ, ಯಾವ ರೋಗವನ್ನೂ ತೋರಿಸುವುದಿಲ್ಲ. ಹತ್ತು ಚೀಲ ಸಿಮೆಂಟ್ ಹೇರಿದರೆ 500 ಕೆ.ಜಿ. ಆಗುತ್ತದೆ. ಇಲ್ಲವೇ ಮಾಲೀಕರು ಲೋಡಿಗೆ ಹೊರಟ ದಿನವೇ ಜೊತೆಯಲ್ಲಿ ಹೋಗಿ. ಏರಿನಲ್ಲಿ ಎರಡನೇ ಗೇರು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುತ್ತದೆಯೇ? ಆಕ್ಸಲರೇಟರ್ ಒತ್ತಿದಾಗ ಹಿಂದಿನಿಂದ ಗುಂಯ್‌ಗುಟ್ಟಿ, ಕಾಲು ತೆಗೆದ ಕೂಡಲೇ ಸದ್ದು ಬದಲಾದರೆ ಹಿಂದಿನ ಆಕ್ಸಲಿನ ಗೇರು, ಅಂದರೆ ಕ್ರೌನ್-ಪಿನಿಯನ್ ಸವೆದಿದೆ. ಕಾಲು ತೆಗೆದರೂ ವೇಗಕ್ಕೆ ತಕ್ಕಂತೆ ಗೊರಗೊರ ಇದ್ದೇ ಇದ್ದರೆ ಚಕ್ರದ ಬೇರಿಂಗು. ಹೊರಡುವಾಗ ‘ಟಕ್’ ಎಂದರೆ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲರ್ ಶಾಫ್ಟಿನ ಕ್ರಾಸು (ಕೀಲು), ಅದು ಸಣ್ಣ ಖರ್ಚು. ಕ್ಲಚ್‌ಗೆ: ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ನಿಧಾನ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಸುಮ್ಮನೆ ತಿರುಗುತ್ತಿದ್ದರೆ ಪ್ಲೇಟು ಸವೆದಿದೆ.

ಏಸ್ ನೋಡುತ್ತಿದ್ದರೆ ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿಸಿ, ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಮುಂದೆಯೂ ಅಡ್ಡ ಆಕ್ಸಲ್, ಲೀಫ್ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಗ್ರೀಸ್ ಕಾಣದ ಕಿಂಗ್‌ಪಿನ್ (ಚಕ್ರ ಎಡ-ಬಲ ತಿರುಗಲು ಆಧಾರವಾದ ಪಿನ್ನು) ಬೇಗ ಸವೆಯುತ್ತದೆ. ಕಟಕಟ ಆಡಿದರೆ ಟೈರು ಒಂದೇ ಬದಿ ತಿನ್ನುತ್ತದೆ. ಟೈರಿನ ವಯಸ್ಸು ಬದಿಯ ನಾಲ್ಕು ಅಂಕಿಯಲ್ಲಿದೆ: 2319 ಎಂದರೆ 2019ರ 23ನೇ ವಾರ. ಗೆರೆ ಚೆನ್ನಾಗಿದ್ದರೂ ಆರು ವರ್ಷ ದಾಟಿದ ಟೈರಿಗೆ ಲೋಡ್ ಹಾಕಬೇಡಿ.

ಪ್ರಶ್ನೆ: ಮಲ್ಪೆ ಕಡೆಯ ಒಂದು ಗಾಡಿ ಮಾರುಕಟ್ಟೆ ಬೆಲೆಗಿಂತ 60 ಸಾವಿರ ಕಡಿಮೆಗೆ ಸಿಗುತ್ತಿದೆ. ಎಂಜಿನ್ ಚೆನ್ನಾಗಿದೆ. ತೆಗೆದುಕೊಳ್ಳಲೇ?

ಮೀನು ಸಾಗಿಸಿದ ಗಾಡಿಯೇ ಎಂದು ಮೊದಲು ತಿಳಿದುಕೊಳ್ಳಿ. ಐಸು ಕರಗಿದ ಉಪ್ಪುನೀರು ಲೋಡ್ ಬಾಡಿಯ ತಳದಿಂದ ಚಾಸಿಯ ಅಡ್ಡಪಟ್ಟಿಗೆ ವರ್ಷಗಟ್ಟಲೆ ಇಳಿದಿರುತ್ತದೆ. ಹೊರಗೆ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿರುತ್ತಾರೆ. ಅಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯುತ್ತಾ ಹೋಗಿ, ‘ಠಣ್’ ಎನ್ನುವ ಕಡೆ ಕಬ್ಬಿಣ ಇದೆ, ‘ಡಬ್’ ಎನ್ನುವ ಕಡೆ ತುಕ್ಕಿನ ಪದರ. ಬ್ರೇಕ್ ಪೈಪುಗಳನ್ನೂ ಉಜ್ಜಿ ನೋಡಿ. ಲೋಡ್ ಬಾಡಿ ಮಾತ್ರ ಹೋಗಿದ್ದರೆ 60 ಸಾವಿರ ಉಳಿತಾಯ ಬಾಡಿ ಕಟ್ಟಿಸುವುದಕ್ಕೆ ಆಗುತ್ತದೆ. ಅಡ್ಡಪಟ್ಟಿಯೇ ತಿಂದಿದ್ದರೆ ಬೇಡ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನೋಡಿದ ಗಾಡಿಗೆ ಇನ್ನೂ ಸಾಲ ಬಾಕಿ ಇದೆ. ‘29, 30 ಸಹಿ ಮಾಡಿ ಕೊಡ್ತೀನಿ, ನಿಧಾನ ನಿಮ್ಮ ಹೆಸರಿಗೆ ಮಾಡಿಸ್ಕೊಳ್ರಿ’ ಎನ್ನುತ್ತಾರೆ. ಹೀಗೆ ಕೊಳ್ಳಬಹುದೇ?

ಬೇಡ. 29, 30 ಎಂದರೆ ಮಾಲೀಕತ್ವ ವರ್ಗಾವಣೆಯ ಆರ್‌ಟಿಒ ಫಾರಂಗಳು. ಸಾಲ ಇರುವ ಗಾಡಿಯ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ, ಬ್ಯಾಂಕ್ ಒಪ್ಪದೆ ವರ್ಗಾವಣೆ ಆಗದು. ಮಾಲೀಕರ ಜೊತೆ ನೀವೇ ಬ್ಯಾಂಕಿಗೆ ಹೋಗಿ, ಬಾಕಿ ಮೊತ್ತವನ್ನು ಲಿಖಿತವಾಗಿ ಪಡೆದು, ಅಷ್ಟು ದುಡ್ಡನ್ನು ನೇರ ಸಾಲದ ಖಾತೆಗೇ ಕಟ್ಟಿ. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಲ ತೀರಿತೆಂದು ಸಹಿಯಾದ ಫಾರಂ 35 ಕೈಗೆ ಬಂದ ಮೇಲೆ ಫಾರಂ 29 ಮತ್ತು 30. ಗಾಡಿ ಬೇರೆ ಆರ್‌ಟಿಒ ವ್ಯಾಪ್ತಿಯದಾದರೆ ಅಲ್ಲಿಯ ಎನ್‌ಒಸಿಗೆ ಫಾರಂ 28. ಕೊನೆಯ 25–30 ಸಾವಿರವನ್ನು ಆರ್‌ಸಿ ನಿಮ್ಮ ಹೆಸರಿಗೆ ಆದ ಮೇಲೆ ಕೊಡುವುದಾಗಿ ಕರಾರು ಮಾಡಿಕೊಳ್ಳಿ.

ಬರೀ ಸಹಿ ಹಾಕಿದ ಫಾರಂ ಇಟ್ಟುಕೊಂಡು ಓಡಿಸಿದರೆ ಇಬ್ಬರಿಗೂ ಉರುಳು. ಅಪಘಾತವಾದರೆ ದಾಖಲೆಯಲ್ಲಿ ಹೆಸರಿರುವ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಕಡೆಯಿಂದ ನೋಡಿದರೆ, ಪಾಲಿಸಿ ನಿಮ್ಮ ಹೆಸರಿನಲ್ಲಿ ಇಲ್ಲದಿರುವುದರಿಂದ ಗಾಡಿಯ ಸ್ವಂತ ನಷ್ಟದ ಕ್ಲೇಮ್ ಸಿಕ್ಕಿಬೀಳುತ್ತದೆ. ಮಾರಿದವರು ತೀರಿಹೋದರಂತೂ ವಾರಸುದಾರರನ್ನು ಹುಡುಕುತ್ತಾ ಅಲೆಯಬೇಕು. ವರ್ಗಾವಣೆಯಾದ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ಅರ್ಜಿ ಕೊಡಿ. ಹಳಬರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ದುಡ್ಡು ಕೊಡುವ ಮುನ್ನ ಚಾಸಿ ನಂಬರನ್ನು ಆರ್‌ಸಿ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ಎಫ್‌ಸಿ, ವಿಮೆಯ ಅವಧಿ ನೋಡಿ. ತೆರಿಗೆ ಎಲ್ಲಿಯವರೆಗೆ ಕಟ್ಟಿದೆ, ಇ-ಚಲನ್ ಬಾಕಿ ಎಷ್ಟಿದೆ ಎಂಬುದನ್ನೂ ಆನ್‌ಲೈನ್‌ನಲ್ಲೇ ನೋಡಬಹುದು. ಪರ್ಮಿಟ್ ಬಗ್ಗೆ ಹಲವರು ಕೇಳಿದ್ದಾರೆ: ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ಏಸ್, ಸೂಪರ್ ಕ್ಯಾರಿ ಅದರೊಳಗೆ ಬರುತ್ತವೆ. ಬೊಲೆರೊ ಪಿಕಪ್ಪಿನ ದೊಡ್ಡ ಮಾಡೆಲ್‌ಗಳು ಮೀರುತ್ತವೆ.

ಪ್ರಶ್ನೆ: ಬೆಳಗಾವಿಯಲ್ಲಿ ಮಹಾರಾಷ್ಟ್ರ ನಂಬರಿನ ಗಾಡಿಗಳು ಅಗ್ಗ. ತೊಂದರೆ ಏನು?

ಅಲ್ಲಿಯ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು, 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಕೆಎ ನಂಬರ್ ಪಡೆಯಬೇಕು. ಇವೆಲ್ಲದರ ಖರ್ಚನ್ನು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ ಬೆಲೆಗೆ ಸೇರಿಸಿ. ಆಮೇಲೂ ಅಗ್ಗವೆನಿಸಿದರೆ ಕೊಳ್ಳಿ.

ಪ್ರಶ್ನೆ: ಮಗನಿಗೆ 19 ವರ್ಷ, ಕಾರಿನ ಲೈಸೆನ್ಸ್ ಇದೆ. ಪಿಕಪ್ ಓಡಿಸಬಹುದೇ?

ಲೈಸೆನ್ಸ್ ಸಾಕು, ವಯಸ್ಸು ಸಾಲದು. ಒಟ್ಟು ತೂಕ 7,500 ಕೆ.ಜಿ.ಯೊಳಗಿನ ಟ್ರಾನ್ಸ್‌ಪೋರ್ಟ್ ಗಾಡಿಗೆ ಎಲ್‌ಎಂವಿ (ಕಾರಿನ) ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಆದರೆ ಹಳದಿ ಬೋರ್ಡಿನ ಗಾಡಿ ಓಡಿಸಲು 20 ತುಂಬಿರಬೇಕು. ಒಂದು ವರ್ಷ ನೀವೇ ಓಡಿಸಿ.

ಪ್ರಶ್ನೆ: ಸಿಎನ್‌ಜಿ ಪಿಕಪ್ ಹೇಗೆ?

ಹತ್ತಿರ ಬಂಕ್ ಇದ್ದು, ಹೊರುವುದು ಅರ್ಧ ಟನ್‌ನೊಳಗೇ ಇದ್ದರೆ ಒಳ್ಳೆಯದು. ಸಿಲಿಂಡರಿನ ತೂಕದಿಂದಾಗಿ ಪೆಟ್ರೋಲ್ ಗಾಡಿಗಿಂತ ಲೋಡು ಕಡಿಮೆ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಕಡ್ಡಾಯ, ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಪ್ರಶ್ನೆ: ಹಬ್ಬ, ಮದುವೆಗೆ ಮನೆಯವರನ್ನು ಹಿಂದೆ ಕೂರಿಸಿಕೊಂಡು ಹೋಗಬಹುದೇ?

ಆಗದು. ಸರಕಿನ ಮಾಲೀಕರೋ ಅವರ ಪ್ರತಿನಿಧಿಯೋ ಸರಕಿನ ಜೊತೆ ಹೋಗುತ್ತಿದ್ದರೆ ವಿಮೆ ಅನ್ವಯಿಸುತ್ತದೆ. ಲೋಡ್ ಬಾಡಿಯಲ್ಲಿ ಕೂತ ನೆಂಟರಿಗೆ ಅನ್ವಯಿಸುವುದಿಲ್ಲ, ಪರಿಹಾರ ನಿಮ್ಮ ಜೇಬಿನಿಂದಲೇ ಹೋಗಬಹುದು. ಕ್ಯಾಬಿನ್ನಿನಲ್ಲಿ ಎಷ್ಟು ಜನ ಎಂಬುದು ಆರ್‌ಸಿಯ ಸೀಟಿಂಗ್ ಕಾಲಂನಲ್ಲಿದೆ, ಡ್ರೈವರೂ ಆ ಲೆಕ್ಕದೊಳಗೇ.