ಗಾಡಿ ಪ್ರಶ್ನೆ: ಎಂಟು ಲಕ್ಷದೊಳಗೆ ಸೇಫ್ ಕಾರು ಸಿಗ್ತದಾ?

ಪ್ರಶ್ನೆ: ನಾನು ಕಟಪಾಡಿಯವ, ಕೆಲಸ ಬೈಕಂಪಾಡಿಯಲ್ಲಿ. ಇಷ್ಟು ದಿನ ಬೈಕಲ್ಲೇ ಹೋಗಿ ಬರ್ತಿದ್ದೆ, ಈ ಮಳೆಗಾಲ ಆದ ಮೇಲೆ ಮನೆಯವ್ರೆಲ್ಲ ಸೇರಿ ಕಾರು ತೆಗಿಲೇಬೇಕು ಅಂತ ಕೂತಿದ್ದಾರೆ. ಆನ್‌ರೋಡ್ 8 ಲಕ್ಷ, ಎಳೆದು ಹಿಡಿದ್ರೆ ಎಂಟೂವರೆ. ಹೆಂಡತಿ, ನಾಲ್ಕು ವರ್ಷದ ಮಗಳು, ಅಮ್ಮ, ಇಷ್ಟು ಜನ. ಭಾವ ಮೈಲೇಜ್ ನೋಡು ಅಂತಾರೆ, ಆಫೀಸಲ್ಲಿ ಒಬ್ರು ಡೋರ್ ಬಡಿದು ನೋಡಿ ಗಟ್ಟಿ ಇದ್ದದ್ದು ತೆಗೊಳ್ಳಿ ಅಂದ್ರು, ಶೋರೂಮಿನ ಹುಡುಗ 5 ಸ್ಟಾರ್ ಅಂತ ಮೊಬೈಲಲ್ಲಿ ಫೋಟೋ ತೋರಿಸ್ತಾನೆ. ಈ ಸ್ಟಾರ್ ಎಲ್ಲ ನಂಬ್ಲಿಕ್ಕೆ ಆಗ್ತದಾ ಸರ್? ಒಂದು ಕಾರಿನ ಬೇಸ್ ಮಾಡೆಲ್ ಬೆಲೆಗೆ ಇನ್ನೊಂದರ ಟಾಪ್ ಮಾಡೆಲ್ ಬರ್ತದೆ, ಯಾವುದು ತೆಗೊಳ್ಳೋದು?
- ಓದುಗರು, ಕಟಪಾಡಿ

ಉತ್ತರ: ಮೊದ್ಲು ಡೋರ್ ಬಡಿಯೋದು ಬಿಡಿ ಮಾರಾಯ್ರೆ. ಹಲಸಿನಹಣ್ಣು ಬಡಿದು ನೋಡಿದ ಹಾಗೆ ಕಾರು ಬಡಿದು ನೋಡಿದ್ರೆ ಎಂತದೂ ಗೊತ್ತಾಗುದಿಲ್ಲ. ಹೊರಗಿನ ತಗಡು ಬರೀ ಹೊದಿಕೆ, ಜೀವ ಉಳಿಸೋದು ಒಳಗಿನ ಅಸ್ಥಿಪಂಜರ, ಅಂದ್ರೆ ಕಂಬಗಳು, ಮೇಲಿನ ಚೌಕಟ್ಟು, ಫ್ಲೋರ್, ಅದಕ್ಕೆ ಹಾಕಿದ ಗಟ್ಟಿ ಸ್ಟೀಲು. ಬಾನೆಟ್ ಕಡೆಯ ಭಾಗ ಡಿಕ್ಕಿಯಲ್ಲಿ ನುಜ್ಜುಗುಜ್ಜು ಆಗ್ಲೇಬೇಕು, ಹಾಗೆ ಮಾಡಿಯೇ ಡಿಸೈನ್ ಮಾಡಿರ್ತಾರೆ, ಡಿಕ್ಕಿಯ ಏಟು ಅಲ್ಲೇ ತಿಂದುಹೋಗ್ಬೇಕು, ನೀವು ಕೂತ ಜಾಗ ಮಾತ್ರ ಆಕಾರ ಬಿಡಬಾರದು. ಮೊದಲಿನ ಗಾಡಿಗಳು ಎಷ್ಟು ಗಟ್ಟಿ ಇದ್ವು, ಈಗಿನದ್ದು ಕಾಗದ ಅಂತ ಕಟ್ಟೆಯಲ್ಲಿ ಕೂತು ಹೇಳುವವ್ರು ಬಂಪರ್ ನೋಡ್ತಾರೆ, ಒಳಗೆ ಕೂತವರ ಎದೆ ಮೇಲೆ ಎಷ್ಟು ಭಾರ ಬಿತ್ತು ಅಂತ ನೋಡುದಿಲ್ಲ.

ಇದಕ್ಕೆ ಒಳ್ಳೆ ಉದಾಹರಣೆ 2014ರದ್ದು. ಗ್ಲೋಬಲ್ ಎನ್‌ಕ್ಯಾಪ್ ಅಂತ ಕಾರುಗಳ ಸೇಫ್ಟಿ ಪರೀಕ್ಷೆ ಮಾಡಿ ಸ್ಟಾರ್ ಕೊಡುವ ಸಂಸ್ಥೆ ಉಂಟು, ಅವ್ರು ಮೊದಲ ಸಲ ನಮ್ಮ ದೇಶದ ಕಾರುಗಳನ್ನು ಗುದ್ದಿಸಿ ನೋಡಿದ್ರು, ಆಲ್ಟೋ 800, ನ್ಯಾನೋ, ಐ10, ಫಿಗೋ, ಪೋಲೋ. ಏರ್‌ಬ್ಯಾಗ್ ಇಲ್ಲದ ಬೇಸ್ ಮಾಡೆಲ್‌ಗಳು, ಐದಕ್ಕೂ ಸೊನ್ನೆ ಸ್ಟಾರ್. ಆದ್ರೆ ಸೊನ್ನೆಯಲ್ಲೂ ವ್ಯತ್ಯಾಸ ಇತ್ತು. ಫಿಗೋ ಮತ್ತು ಪೋಲೋದ ಬಾಡಿ ನಿಂತಿತ್ತು, ಉಳಿದವುಗಳ ಬಾಡಿ ಕುಸಿದಿತ್ತು. ಅದೇ ಪೋಲೋಗೆ ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದಾಗ 4 ಸ್ಟಾರ್ ಬಂತು. ಬಾಡಿಯೇ ಕುಸಿಯುವ ಕಾರಿಗೆ ಎಷ್ಟು ಏರ್‌ಬ್ಯಾಗ್ ತುಂಬಿಸಿದ್ರೂ ದೊಡ್ಡ ಉಪಯೋಗ ಇಲ್ಲ, ಬಾಡಿ ಒಳ್ಳೆದಿದ್ರೆ ಎರಡು ಬ್ಯಾಗೇ ಇಷ್ಟು ಫರಕ್ ಮಾಡ್ತದೆ. ಹಾಗಾಗಿ ‘ಆರು ಏರ್‌ಬ್ಯಾಗ್ ಉಂಟು ಸರ್’ ಅಂತ ಹೇಳಿದ ಕೂಡ್ಲೇ ಅಡ್ವಾನ್ಸ್ ಕೊಡ್ಬೇಡಿ.

ಇನ್ನು ಸ್ಟಾರ್ ನಂಬಬಹುದಾ ಅಂದ್ರಿ. ನಂಬಬಹುದು, ಆದ್ರೆ ಓದ್ಲಿಕ್ಕೆ ಗೊತ್ತಿರ್ಬೇಕು. ಟೆಸ್ಟಲ್ಲಿ ಕಾರನ್ನು 64 ಕಿ.ಮೀ. ವೇಗದಲ್ಲಿ ಮುಂಭಾಗದ 40 ಪರ್ಸೆಂಟ್ ಮಾತ್ರ ತಾಗುವ ಹಾಗೆ ಒಂದು ತಡೆಗೆ ಗುದ್ದಿಸ್ತಾರೆ, ಎದುರಿಂದ ಬಂದ ಗಾಡಿಗೆ ಅರ್ಧಂಬರ್ಧ ತಾಗಿದ ಹಾಗೆ. ಅದು ಹೆಚ್ಚುಕಮ್ಮಿ ನಿಮ್ಮದೇ ತೂಕದ ಇನ್ನೊಂದು ಕಾರಿಗೆ ಗುದ್ದಿದ ಲೆಕ್ಕ. ನಿಮ್ಮ ದಾರಿಯಲ್ಲಿ ಎದುರು ಸಿಗೋದು ಎಕ್ಸ್‌ಪ್ರೆಸ್ ಬಸ್ಸು ಮತ್ತು ಗ್ಯಾಸ್ ಟ್ಯಾಂಕರ್, ಅದಕ್ಕೆ ಸ್ಟಾರ್ ಹೇಳಿ ಪ್ರಯೋಜನ ಇಲ್ಲ. ಮತ್ತೆ ಸ್ಪೀಡು: 90ರಲ್ಲಿ ಹೋಗುವ ಕಾರಿನಲ್ಲಿ 64ರಲ್ಲಿ ಹೋಗುವುದರ ಸುಮಾರು ಎರಡು ಪಟ್ಟು ಶಕ್ತಿ ಇರ್ತದೆ, ಸ್ಪೀಡಿನ ವರ್ಗದ ಲೆಕ್ಕ ಅದು. ಹೆಜಮಾಡಿ ಟೋಲ್ ದಾಟಿದ ಕೂಡ್ಲೇ ಎಲ್ರೂ ಒತ್ತುದೇ 90, 100. ಐದು ಸ್ಟಾರ್ ಕಾರಲ್ಲಿ ಕೂತ್ರೂ ಆ ಸ್ಪೀಡಲ್ಲಿ ನೀವು ಟೆಸ್ಟಿನ ಹೊರಗೆ ಇದ್ದೀರಿ.

ಸ್ಟಾರಿಗೆ ಇಸವಿ ಉಂಟು, ಇದನ್ನು ಶೋರೂಮಲ್ಲಿ ಯಾರೂ ಹೇಳುದಿಲ್ಲ. ಗ್ಲೋಬಲ್ ಎನ್‌ಕ್ಯಾಪ್ 2022ರ ಜುಲೈಯಲ್ಲಿ ನಿಯಮ ಬಿಗಿ ಮಾಡಿತು. ಮೊದ್ಲು ಮುಂದಿನ ಡಿಕ್ಕಿಯೇ ಮುಖ್ಯ ಇತ್ತು, ಆಮೇಲೆ ಪಕ್ಕದ ಡಿಕ್ಕಿ, ಕಂಬಕ್ಕೆ ಪಕ್ಕದಿಂದ ಗುದ್ದೋದು, ಕಾರು ಜಾರದ ಹಾಗೆ ಹಿಡಿಯುವ ಇ.ಎಸ್.ಸಿ. ಎಲ್ಲ ಲೆಕ್ಕಕ್ಕೆ ಬಂತು. ಹೋಂಡಾ ಅಮೇಜ್‌ನ ಎರಡನೇ ಜನರೇಶನ್ ಕಾರಿಗೆ 2019ರಲ್ಲಿ 4 ಸ್ಟಾರ್ ಸಿಕ್ಕಿತ್ತು, 2024ರಲ್ಲಿ ಹೊಸ ನಿಯಮದಲ್ಲಿ ಅದಕ್ಕೇ 2 ಸ್ಟಾರ್, ಮಕ್ಕಳ ವಿಭಾಗದಲ್ಲಿ ಸೊನ್ನೆ. ಕಾರು ಹಾಳಾದ್ದಲ್ಲ, ಪರೀಕ್ಷೆ ಕಷ್ಟ ಆದದ್ದು. ಟಿಯಾಗೋದ 4 ಸ್ಟಾರ್ 2020ರದ್ದು, ಪಂಚ್‌ಗೆ ಮೊದಲ ಸಲ ಬಂದ 5 ಸ್ಟಾರ್ 2021ರದ್ದು, ಎರಡೂ ಹಳೇ ನಿಯಮದ್ದು. ಅದು ಕೆಟ್ಟದು ಅಂತಲ್ಲ, ಆದ್ರೆ ಈಗಿನ 5 ಸ್ಟಾರ್ ಪಕ್ಕ ಇಟ್ಟು ಸಮ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಶೋರೂಮಿನ ಹುಡುಗ ಮತ್ತೆ ಫೋಟೋ ತೋರಿಸಿದ್ರೆ ‘ಇದು ಯಾವ ವರ್ಷದ್ದು’ ಅಂತ ಒಂದೇ ಪ್ರಶ್ನೆ ಕೇಳಿ.

ಈಗ ನಮ್ಮದೇ ಭಾರತ್ ಎನ್‌ಕ್ಯಾಪ್ ಉಂಟು, 2023ರ ಅಕ್ಟೋಬರ್ 1ರಿಂದ ಶುರು. ದೊಡ್ಡವರಿಗೆ ಒಟ್ಟು 32 ಪಾಯಿಂಟ್, ಮಕ್ಕಳಿಗೆ 49. ಐದು ಸ್ಟಾರಿಗೆ ದೊಡ್ಡವರದ್ದು 27, ಮಕ್ಕಳದ್ದು 41 ಆದ್ರೂ ಬರ್ಬೇಕು. ಸ್ಟಾರ್ ಮಾತ್ರ ನೋಡ್ಬೇಡಿ, ಪಾಯಿಂಟ್ ನೋಡಿ, ಕಷ್ಟದಲ್ಲಿ ಪಾಸಾದದ್ದಕ್ಕೂ ಚೆನ್ನಾಗಿ ಪಾಸಾದದ್ದಕ್ಕೂ ಅಲ್ಲಿ ವ್ಯತ್ಯಾಸ ಕಾಣ್ತದೆ. ರಿಪೋರ್ಟಲ್ಲಿ ಮನುಷ್ಯನ ಚಿತ್ರಕ್ಕೆ ಹಸಿರು, ಹಳದಿ, ಕೆಂಪು ಬಣ್ಣ ಹಾಕಿರ್ತಾರೆ, ತಲೆ, ಕುತ್ತಿಗೆ, ಎದೆ ಯಾವ ಬಣ್ಣ ಅಂತ ನೋಡಿದ್ರೆ ಅರ್ಧ ಗೊತ್ತಾಯ್ತು. ಮತ್ತೆ ಈ ಟೆಸ್ಟ್ ಕಡ್ಡಾಯ ಅಲ್ಲ, ಕಂಪನಿಯವ್ರು ಮನಸ್ಸಿದ್ರೆ ಕಾರು ಕಳಿಸ್ತಾರೆ. ಕಳಿಸದೇ ಕೂತ ಕಾರಿನ ಬಗ್ಗೆ ನನಗೆ ಸ್ವಲ್ಪ ಸಂಶಯವೇ.

ಕಂಪನಿ ಹೆಸರು ನೋಡಿ ತೀರ್ಮಾನ ಮಾಡುದು ಕೂಡ ತಪ್ಪು. ‘ಮಾರುತಿ ಅಲ್ವಾ, ಡಬ್ಬ’ ಅಂತ ಹೇಳುವವ್ರು ತುಂಬ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ವ್ಯಾಗನ್‌ಆರ್‌ಗೆ 1 ಸ್ಟಾರ್ ಬಂತು, ಬಾಡಿ ಅಸ್ಥಿರ ಅಂತ ಬರೆದ್ರು, ಹೌದು. ಅದೇ ಕಂಪನಿಯ ಹೊಸ ಡಿಝೈರ್‌ಗೆ 2024ರ ನವೆಂಬರಿನಲ್ಲಿ ಹೊಸ ನಿಯಮದಲ್ಲೇ ದೊಡ್ಡವರಿಗೆ 5 ಸ್ಟಾರ್ ಬಂತು, ಆಮೇಲೆ ಭಾರತ್ ಎನ್‌ಕ್ಯಾಪ್‌ನಲ್ಲೂ 5. ಒಂದೇ ಶೋರೂಮಿನ ಒಂದೇ ಫ್ಲೋರಲ್ಲಿ ಎರಡೂ ನಿಂತಿರ್ತದೆ.

ಈಗ ನಿಮ್ಮ ಬೇಸ್-ಟಾಪ್ ಪ್ರಶ್ನೆ. ನಾನಾದ್ರೆ ಕಣ್ಣುಮುಚ್ಚಿ ಒಳ್ಳೆ ಬಾಡಿಯ ಕಾರಿನ ಬೇಸ್, ಇಲ್ಲದಿದ್ರೆ ಅದರ ಮೇಲಿನದ್ದು ತೆಗೊಳ್ಳುವವ. ಟಚ್‌ಸ್ಕ್ರೀನ್ ಆಮೇಲೆ ಹೊರಗೆ ಹಾಕಿಸ್ಬಹುದು, ಬಾಡಿಯ ಸ್ಟೀಲು ಹಾಕಿಸ್ಲಿಕ್ಕೆ ಆಗುದಿಲ್ಲ, ಕಿಟಕಿ ಬದಿಗೆ ಪರದೆ ಹಾಗೆ ಇಳಿಯುವ ಕರ್ಟನ್ ಏರ್‌ಬ್ಯಾಗೂ ಆಗುದಿಲ್ಲ. ಡಿಝೈರ್‌ನಲ್ಲಿ ಆರು ಏರ್‌ಬ್ಯಾಗ್, ಇ.ಎಸ್.ಸಿ. ಬೇಸಿನಿಂದಲೇ ಬರ್ತದೆ. ಸ್ಕೋಡಾ ಕೈಲಾಕ್‌ಗೂ ಭಾರತ್ ಎನ್‌ಕ್ಯಾಪ್ 5 ಸ್ಟಾರ್, ಬೇಸಲ್ಲೇ ಆರು ಏರ್‌ಬ್ಯಾಗ್, ಆದ್ರೆ ಅದು ನಿಮ್ಮ ಬಜೆಟ್ಟಿಗೆ ಬಿಗಿ ಆಗ್ತದೆ, ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಗೊತ್ತಲ್ಲ. 2025ರ ಸಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. 18 ಪರ್ಸೆಂಟಿಗೆ ಇಳಿದದ್ದರಿಂದ ಮೊದ್ಲು ಕೈಗೆ ಸಿಗದ ವೇರಿಯಂಟ್ ಈಗ ಸಿಗ್ಬಹುದು, ಹಳೇ ಕೊಟೇಶನ್ ಇಟ್ಕೊಂಡು ಲೆಕ್ಕ ಹಾಕ್ಬೇಡಿ. ಆ ಉಳಿದ ದುಡ್ಡಲ್ಲಿ ಸನ್‌ರೂಫ್ ತೆಗೊಂಡ್ರೆ ಮಾತ್ರ ನಂಗೆ ಬೇಜಾರು, ನಮ್ಮ ಊರಿನ ಬಿಸಿಲಿಗೆ, ಜೂನಿನ ಮಳೆಗೆ ಅದನ್ನು ಯಾವಾಗ ತೆಗಿತೀರಿ ಹೇಳಿ.

ಇ.ಎಸ್.ಸಿ. ಮಾತ್ರ ಬಿಡ್ಲೇಬೇಡಿ. ನೀವು ಸ್ಟೇರಿಂಗ್ ತಿರುಗಿಸಿದ ಕಡೆ ಕಾರು ಹೋಗದೆ ಜಾರ್ಲಿಕ್ಕೆ ಶುರುವಾದ್ರೆ ಅದು ಬೇಕಾದ ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕಿ ದಾರಿಗೆ ತರ್ತದೆ. ಪಡುಬಿದ್ರಿ ಹತ್ರ ರಾಂಗ್ ಸೈಡಲ್ಲಿ ಸ್ಕೂಟರ್ ಬಂತು, ಮುಲ್ಕಿ ಹತ್ರ ಮಳೆನೀರು ಮುಚ್ಚಿದ ಗುಂಡಿ ಕಂಡಿತು, ಫಕ್ಕನೆ ತಿರುಗಿಸಿದ್ರಿ, ಆಗ ಬೇಕಾಗುದು ಇದು. ಗುದ್ದಿದ ಮೇಲೆ ಕೆಲಸ ಮಾಡುವ ಸಾಮಾನಿಗಿಂತ ಗುದ್ದದ ಹಾಗೆ ಮಾಡುವ ಸಾಮಾನು ಮೇಲು. ಇದರ ಜೊತೆ ಟಯರು, ಟ್ರೆಡ್ 1.6 ಮಿ.ಮೀ.ಗೆ ಬಂದ ಮೇಲೆ ಓಡಿಸ್ಲಿಕ್ಕೇ ಇಲ್ಲ, ನಮ್ಮ ಮಳೆಗೆ ಅದಕ್ಕಿಂತ ಮೊದ್ಲೇ ಬದಲಾಯಿಸೋದು ಒಳ್ಳೆದು. ಮತ್ತೆ ನಿಮ್ಮ ದಾರಿಯ ಜಂಕ್ಷನ್‌ಗಳಲ್ಲಿ ಹೈವೇ ಕ್ರಾಸ್ ಮಾಡುವಾಗ ಏಟು ಬೀಳೋದು ಡೋರಿಗೆ, ಬಾನೆಟ್ಟಿಗಲ್ಲ, ಹಾಗಾಗಿ ಪಕ್ಕದ ಟೆಸ್ಟಿನ ಮಾರ್ಕ್ ಎಷ್ಟು ಅಂತ ಕೂಡ ನೋಡಿ.

ಮಗಳಿಗೆ ಚೈಲ್ಡ್ ಸೀಟ್ ತೆಗಿರಿ, ಅದನ್ನು ಕಾರಿನ ಸೀಟಿಗೆ ಗಟ್ಟಿ ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆ ಇರುವ ಕಾರೇ ನೋಡಿ. ತೊಡೆ ಮೇಲೆ ಕೂರಿಸ್ಕೊಂಡು ಮುಂದೆ ಕೂರುದು ನಮ್ಮಲ್ಲಿ ಪ್ರೀತಿ ಅಂತ ಲೆಕ್ಕ, ಏರ್‌ಬ್ಯಾಗ್ ಬಿಚ್ಚಿದ್ರೆ ಮಗು ಅದಕ್ಕೂ ನಿಮ್ಮ ಎದೆಗೂ ಮಧ್ಯ. ಕಾನೂನಿನಲ್ಲೂ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ರೆ ಸಾವಿರ ರೂಪಾಯಿ ದಂಡ ಉಂಟು. ಅಮ್ಮನಿಗೂ ಬೆಲ್ಟ್ ಹಾಕಿಸಿ, ಸೀರೆ ಮುದ್ದೆ ಆಗ್ತದೆ ಅಂತ ಹೇಳ್ತಾರೆ, ಆಗ್ಲಿ. 2022ರ ಸಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಹತ್ರ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಹೋದದ್ದು ನೆನಪುಂಟಲ್ಲ, ದುಬಾರಿ ಕಾರು, ಮುಂದಿನ ಇಬ್ಬರು ಬದುಕಿದ್ರು, ಹಿಂದಿನ ಇಬ್ಬರು ಹೋದ್ರು, ಹಿಂದಿನವ್ರು ಬೆಲ್ಟ್ ಹಾಕಿರ್ಲಿಲ್ಲ ಅಂತ ಪೊಲೀಸರು ಹೇಳಿದ್ದರು.

ಭಾವನಿಗೆ ಹೇಳಿ, ಮೈಲೇಜೂ ನೋಡ್ತೇನೆ, ಕೊನೆಗೆ ಎರಡು ಕಾರು ಉಳಿದ ಮೇಲೆ.

ಪ್ರಶ್ನೆ: ಹೊಸ ಕಾರಿಗೆ ದುಡ್ಡಿಲ್ಲ. ಮೂರೂವರೆ ಲಕ್ಷದಲ್ಲಿ ಸೆಕೆಂಡ್ ಹ್ಯಾಂಡ್ ನೋಡ್ತಿದ್ದೇನೆ. ಅದರಲ್ಲಿ ಸೇಫ್ಟಿ ಅಂತ ನೋಡ್ಲಿಕ್ಕೆ ಎಂತ ಉಂಟು?
- ಓದುಗರು, ಕಾವೂರು, ಮಂಗಳೂರು

ಉತ್ತರ: ಉಂಟು, ತುಂಬ ಉಂಟು. ಆರ್.ಸಿ.ಯಲ್ಲಿ ತಯಾರಾದ ತಿಂಗಳು ನೋಡಿ. 2019ರ ಏಪ್ರಿಲಿನಿಂದ ಎ.ಬಿ.ಎಸ್. (ಜೋರು ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ಮಾಡುದು) ಕಡ್ಡಾಯ, ಜುಲೈಯಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಅಕ್ಟೋಬರಿನಿಂದ ಹಳೇ ಮಾಡೆಲ್‌ಗಳೂ ಸರ್ಕಾರದ ಕ್ರ್ಯಾಶ್ ಟೆಸ್ಟ್ ಪಾಸಾಗ್ಬೇಕು ಅಂತ ಆಯ್ತು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರಿಗೂ ಬಂದದ್ದು 2021ರ ಕೊನೆಗೆ. ಹಾಗಾಗಿ ಅದೇ ದುಡ್ಡಿಗೆ 2016ರ ದೊಡ್ಡ ಕಾರು, 2020ರ ಸಣ್ಣ ಕಾರು ಎರಡೂ ಸಿಕ್ಕಿದ್ರೆ ನಾನು 2020ರದ್ದರ ಕಡೆ ವಾಲ್ತೇನೆ, ದೊಡ್ಡ ಕಾರಿಗೆ ಏರ್‌ಬ್ಯಾಗ್ ಇದ್ರೆ ಬೇರೆ ಮಾತು. ಹಳೇದೇ ಬೇಕಾದ್ರೆ 2014ರ ನಂತರದ ಪೋಲೋ ನೋಡಿ, ಆ ಕ್ರ್ಯಾಶ್ ಟೆಸ್ಟ್ ಆದ ಮೇಲೆ ಎರಡು ಏರ್‌ಬ್ಯಾಗ್ ಬೇಸಿನಿಂದಲೇ ಕೊಟ್ಟಿದ್ರು, ರಿಪೇರಿ ಖರ್ಚಿಗೆ ಮಾತ್ರ ಮನಸ್ಸು ಗಟ್ಟಿ ಮಾಡ್ಕೊಳ್ಳಿ.

ಕೀ ಆನ್ ಮಾಡಿ ಏರ್‌ಬ್ಯಾಗ್ ದೀಪ ನೋಡಿ. ಅದು ಹತ್ತಿಕೊಂಡು ಸ್ವಲ್ಪ ಹೊತ್ತಲ್ಲಿ ಆರ್ಬೇಕು. ಆರದೇ ಇದ್ರೆ ಏನೋ ಹಾಳಾಗಿದೆ, ಹತ್ತಲೇ ಇಲ್ಲ ಅಂದ್ರೆ ಇನ್ನೂ ಕೆಟ್ಟದ್ದು, ಒಮ್ಮೆ ಬಿಚ್ಚಿದ ಬ್ಯಾಗ್ ಬದಲಾಯಿಸದೆ ದೀಪದ ವೈರ್ ತೆಗೆದವ್ರೂ ಇರ್ತಾರೆ. ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಫಕ್ಕನೆ ಎಳೆದ್ರೆ ಲಾಕ್ ಆಗ್ಬೇಕು. ಆಮೇಲೆ ತುಕ್ಕು. ಸಮುದ್ರದ ಉಪ್ಪು ಗಾಳಿಗೆ ನಿಂತ ಗಾಡಿ ಹೊರಗೆ ಪಾಲಿಶ್ ಹೊಡೆದು ಪಳಪಳ ಇರ್ತದೆ, ಅಡಿಯಲ್ಲಿ ತೂತು ಬಿದ್ದಿರ್ತದೆ. ತುಕ್ಕು ಹಿಡಿದ ಬಾಡಿ ಟೆಸ್ಟಲ್ಲಿ ಪಾಸಾದ ಬಾಡಿ ಅಲ್ಲ. ಗ್ಯಾರೇಜಲ್ಲಿ ಲಿಫ್ಟಿಗೆ ಹಾಕಿಸಿ, ಡೋರಿನ ಕೆಳಗಿನ ಪಟ್ಟಿ, ಫ್ಲೋರ್, ಸಸ್ಪೆನ್ಶನ್ ಕೂರುವ ಜಾಗ ನೋಡ್ಲಿಕ್ಕೆ ಹೇಳಿ. ಮಾರುವವ ಲಿಫ್ಟಿಗೆ ಒಪ್ಪದಿದ್ರೆ ನಮಸ್ಕಾರ ಹೇಳಿ ಬನ್ನಿ.

ಪ್ರಶ್ನೆ: ಹೊಸ ಕಾರಿನ ಮುಂದೆ ಸ್ಟೀಲಿನ ಗಾರ್ಡ್ ಹಾಕಿಸ್ಬೇಕು ಅಂತ ಉಂಟು, ದನಗಳ ಕಾಟ. ಸೀಟಿಗೆ ದಪ್ಪದ ಲೆದರ್ ಕವರ್ ಕೂಡ. ತೊಂದ್ರೆ ಉಂಟಾ?
- ಓದುಗರು, ಕಾರ್ಕಳ

ಉತ್ತರ: ಗಾರ್ಡ್ ಬೇಡ. ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ಅದು ಕಾನೂನಿಗೆ ವಿರುದ್ಧ ಅಂತ ಹೇಳಿಯಾಗಿದೆ, ಆದ್ರೂ ಅಂಗಡಿಯಲ್ಲಿ ನೇತಾಡ್ತಿರ್ತದೆ, ಅದು ಬೇರೆ ಕಥೆ. ಅದನ್ನು ಚಾಸಿಗೆ ಬೋಲ್ಟ್ ಹಾಕ್ತಾರೆ, ಮುಂಭಾಗ ಕುಗ್ಗಿ ಏಟು ತಿನ್ನಬೇಕಾದ ಜಾಗದಲ್ಲಿ ಏಟು ನೇರ ಒಳಗೆ ಬರ್ತದೆ, ಏರ್‌ಬ್ಯಾಗ್ ಸೆನ್ಸರಿಗೂ ಲೆಕ್ಕ ತಪ್ಪಿ ಬ್ಯಾಗ್ ತಡವಾಗಿ ಬಿಚ್ಚಬಹುದು. ನಡೆದು ಹೋಗುವವರಿಗೆ ತಾಗಿದ್ರೆ ಅವರ ಗತಿ ಹೇಳುದೇ ಬೇಡ. ದನಕ್ಕೆ ಒಳ್ಳೆ ಹೆಡ್‌ಲೈಟು, ರಾತ್ರಿ ಸ್ಪೀಡು ಕಮ್ಮಿ, ಬೇರೆ ಮದ್ದಿಲ್ಲ.

ಸೀಟ್ ಕವರ್ ಹಾಕಿಸುವ ಮೊದ್ಲು ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಅಂತ ಸಣ್ಣ ಪಟ್ಟಿ ಉಂಟಾ ನೋಡಿ. ಇದ್ರೆ ಆ ಬ್ಯಾಗ್ ಸೀಟಿನ ಹೊಲಿಗೆ ಹರಿದೇ ಹೊರಗೆ ಬರ್ಬೇಕು, ದಪ್ಪ ಕವರ್ ಅದನ್ನು ಕಟ್ಟಿ ಹಾಕಿದ ಹಾಗೆ. ಅಂಥ ಸೀಟಿಗೆ ಆ ಜಾಗ ಬಿಟ್ಟು ಹೊಲಿದ ಕವರ್ ಕಂಪನಿಯ ಶೋರೂಮಲ್ಲೇ ಸಿಗ್ತದೆ, ನಾಲ್ಕು ಕಾಸು ಜಾಸ್ತಿ ಆದ್ರೂ ಅದನ್ನೇ ತೆಗೊಳ್ಳಿ, ಇಲ್ಲ ಬಟ್ಟೆ ಸೀಟೇ ಇರ್ಲಿ, ಸೆಕೆಗೆ ಅದೇ ವಾಸಿ.