ಚಳಿಗೆ ಅಂಟಿಕೊಳ್ಳುವ ಕ್ಲಚ್

ಪ್ರಶ್ನೆ: ಧನುರ್ಮಾಸದ ಚಳಿ ಶುರುವಾದಾಗಿನಿಂದ ನಸುಕಿನಲ್ಲಿ ಬೈಕ್ ಸ್ಟಾರ್ಟ್ ಮಾಡಿ, ಕ್ಲಚ್ ಹಿಡಿದು ಮೊದಲ ಗೇರ್ ಹಾಕಿದೊಡನೆ ಗಾಡಿ ಧಡ್ಡೆಂದು ಮುಂದಕ್ಕೆ ಜಗ್ಗುತ್ತದೆ, ಕೆಲವೊಮ್ಮೆ ಇಂಜಿನ್ ನಿಂತೇ ಹೋಗುತ್ತದೆ. ಸ್ವಲ್ಪ ದೂರ ಓಡಿದ ಮೇಲೆ ಎಲ್ಲ ಸರಿಹೋಗುತ್ತದೆ. ಗ್ಯಾರೇಜಿನವರು ಕ್ಲಚ್ ಪ್ಲೇಟ್ ಸವೆದಿದೆ ಎನ್ನುತ್ತಾರೆ, ಗೆಳೆಯರೊಬ್ಬರು ಕಾರಿನ ತೆಳು ಆಯಿಲ್ ಹಾಕಿ ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಎರಡೂ ಬೇಡ. ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ, ಅಂದರೆ ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಇಂಜಿನ್ನಿನ ಸದ್ದು ಏರುತ್ತದೆಯೇ ಹೊರತು ಗಾಡಿಯ ವೇಗ ಏರುವುದಿಲ್ಲ. ನಿಮ್ಮ ಗಾಡಿಯ ತೊಂದರೆ ಇದಕ್ಕೆ ತದ್ವಿರುದ್ಧವಾದದ್ದು.

ನಮ್ಮಲ್ಲಿ ಓಡುವ ಹೆಚ್ಚಿನ ಬೈಕುಗಳ ಕ್ಲಚ್ ಇಂಜಿನ್ ಆಯಿಲಿನಲ್ಲೇ ನೆನೆದಿರುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸ್ಪ್ರಿಂಗುಗಳ ಒತ್ತಡಕ್ಕೆ ಸಿಕ್ಕ ಪ್ಲೇಟುಗಳು, ತೊಳೆದು ಒಂದರ ಮೇಲೊಂದು ಪೇರಿಸಿಟ್ಟ ಒದ್ದೆ ತಟ್ಟೆಗಳಂತೆ ಅಂಟಿಕೊಳ್ಳುತ್ತವೆ. ಡಿಸೆಂಬರ್–ಜನವರಿಯಲ್ಲಿ ನಿಮ್ಮೂರಿನ ನಸುಕಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಇದು ದೊಡ್ಡ ಚಳಿಯೇನಲ್ಲ, ಆದರೂ 20ಡಬ್ಲ್ಯೂ-40 (ಇದು ಆಯಿಲಿನ ಮಂದತೆಯ ದರ್ಜೆ) ಆಯಿಲ್ ಈ ಹೊತ್ತಿಗೆ, ಇಂಜಿನ್ ಬಿಸಿಯಾಗಿ 100 ಡಿಗ್ರಿಯಲ್ಲಿ ಇರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಮಂದವಾಗಿರುವುದರಿಂದ, ಲಿವರ್ ಹಿಡಿದರೂ ಪ್ಲೇಟುಗಳು ತಕ್ಷಣ ಬೇರ್ಪಡುವುದಿಲ್ಲ.

ಪರಿಹಾರಕ್ಕೆ ಖರ್ಚಿಲ್ಲ. ಸ್ಟಾರ್ಟ್ ಮಾಡುವ ಮೊದಲೇ ಗೇರ್ ಹಾಕಿ, ಕ್ಲಚ್ ಪೂರ್ತಿ ಹಿಡಿದು ಗಾಡಿಯನ್ನು ಹಿಂದೆ ಮುಂದೆ ನೂಕಿರಿ. ಮೊದಲು ಬಿಗಿಯಾಗಿದ್ದ ಚಕ್ರ ಸಡಿಲಗೊಂಡರೆ ಪ್ಲೇಟುಗಳು ಬಿಟ್ಟುಕೊಂಡವೆಂದು ತಿಳಿಯಿರಿ. ಅನಂತರ ನ್ಯೂಟ್ರಲ್‌ಗೆ ತಂದು ಸ್ಟಾರ್ಟ್ ಮಾಡಿ, ಒಂದು ನಿಮಿಷ ಬಿಟ್ಟು ಹೊರಡಿ. ಹತ್ತು ನಿಮಿಷ ನಿಂತಲ್ಲೇ ಇಂಜಿನ್ ಓಡಿಸುವುದು ಪೆಟ್ರೋಲಿಗೆ ದಂಡ.

ಕಾರಿನ ಆಯಿಲಿನ ಮಾತಿಗೆ ಬಂದರೆ, ಮೈಲೇಜಿಗಾಗಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಬೆರೆಸಿದ ತೆಳು ಆಯಿಲುಗಳು ಬೈಕಿನ ಕ್ಲಚ್ಚನ್ನು ಜಾರುವಂತೆ ಮಾಡಬಲ್ಲವು. ಇಲ್ಲದ ರೋಗವನ್ನು ಕೊಂಡು ತಂದಂತಾಗುತ್ತದೆ. ಡಬ್ಬಿಯ ಮೇಲೆ 'ಜಾಸೋ ಎಂಎ' ಅಥವಾ 'ಎಂಎ2' (ಆಯಿಲಿನಲ್ಲಿ ನೆನೆಯುವ ಬೈಕ್ ಕ್ಲಚ್ಚಿಗೆ ಒಗ್ಗುತ್ತದೆ ಎಂಬ ಜಪಾನಿ ಗುರುತು) ಎಂದಿರಬೇಕು. ನಿಮ್ಮ ಬೈಕಿನ ಕೈಪಿಡಿ ಹೆಚ್ಚು ತೆಳುವಾದ 10ಡಬ್ಲ್ಯೂ-30 ಹಾಕಲು ಹೇಳಿದ್ದು, ಗ್ಯಾರೇಜಿನಲ್ಲಿ 20ಡಬ್ಲ್ಯೂ-40 ಹಾಕಿದ್ದರೆ ಮಾತ್ರ ಆಯಿಲ್ ಬದಲಿಸಿ; ಚಳಿಯಲ್ಲಿ ವ್ಯತ್ಯಾಸ ಕಾಣುತ್ತದೆ.

ಇಂಜಿನ್ ಬಿಸಿಯಾದ ಮೇಲೂ ಗಾಡಿ ಜಗ್ಗಿದರೆ, ನ್ಯೂಟ್ರಲ್ ಸುಲಭವಾಗಿ ಸಿಗದಿದ್ದರೆ, ಲಿವರಿನ ತುದಿಯ ಸಡಿಲವನ್ನು ಅಳೆಯಿರಿ. ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಇರಬೇಕಾದ ಅದು ಹೆಚ್ಚಾಗಿದ್ದರೆ ಕೇಬಲ್ ಹೊಂದಿಸಿದರೆ ಸಾಕು. ಅಷ್ಟಕ್ಕೂ ಬಗ್ಗದಿದ್ದಾಗ ಕ್ಲಚ್ ಬಿಚ್ಚಿಸಿ, ಸೊಟ್ಟಗಾದ ಉಕ್ಕಿನ ಪ್ಲೇಟು ಇದೆಯೇ ಎಂದು ನಿಮ್ಮೆದುರೇ ನೋಡಿಸಿ.