ಮೇಜಿನ ಮೇಲಿಡುವ ಬುಕ್‌ಶೆಲ್ಫ್ ಸ್ಪೀಕರ್‌ಗಳಿಗೆ ಎಂಥ ಚಿಕ್ಕ ಸ್ಟೀರಿಯೋ ಆಂಪ್ಲಿಫೈಯರ್ ಕೊಳ್ಳಬೇಕು?

ನೀವು ಎಲ್ಯಾಕ್ ಡೆಬ್ಯೂ 2.0 ಸರಣಿಯ ಬಿ5.2 ಸ್ಪೀಕರ್ ಜೋಡಿಯನ್ನು ಕೊಂಡಿದ್ದೀರಿ. ಅವು ಕೆಲಸದ ಮೇಜಿನ ಮೇಲೆ, ಲ್ಯಾಪ್‌ಟಾಪಿನ ಎರಡೂ ಬದಿಯಲ್ಲಿ, ಕಿವಿಯಿಂದ ಸುಮಾರು ಮುಕ್ಕಾಲು ಮೀಟರ್ ದೂರದಲ್ಲಿ ಕೂರುತ್ತವೆ. ನೂರು ವ್ಯಾಟಿಗೆ ಕಡಿಮೆಯಾದರೆ ಸಾಲದು ಎಂದು ಅಂಗಡಿಯವರು ಹೇಳಿದ್ದಾರೆ. ಈಗಿನ ಚಿಕ್ಕ ಪೆಟ್ಟಿಗೆಗಳಲ್ಲಿ ಸಾಮಾನ್ಯವಾದ ಕ್ಲಾಸ್ ಡಿ ಬಗೆಯ ಆಂಪ್ಲಿಫೈಯರ್‌ನ ನಾದ ತೆಳುವಾಗಿರುತ್ತದೆ ಎಂದು ಗೆಳೆಯರು ಎಚ್ಚರಿಸಿದ್ದಾರೆ. ಇವರಿಬ್ಬರಲ್ಲಿ ಯಾರ ಮಾತು ಕೇಳಬೇಕು, ಯಾವುದನ್ನು ಕೊಳ್ಳಬೇಕು ಎಂಬುದು ನಿಮ್ಮ ಪ್ರಶ್ನೆ. ವರ್ಷಗಳಿಂದ ಇಂಥ ಸಣ್ಣ ಆಂಪ್ಲಿಫೈಯರ್‌ಗಳನ್ನೇ ಮೇಜಿನ ಮೇಲೆ ಬಳಸುತ್ತ ಬಂದಿರುವ ನನ್ನ ಅಭಿಪ್ರಾಯವೇನೆಂದರೆ, ಇಷ್ಟು ಹತ್ತಿರ ಕುಳಿತು ಕೇಳುವವರು ವ್ಯಾಟುಗಳ ಲೆಕ್ಕವನ್ನು ಬೇಗ ಮುಗಿಸಿ, ಆಂಪ್ಲಿಫೈಯರ್ ಸುಮ್ಮನಿರುವಾಗ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂಬುದನ್ನೂ ಅದರ ವಾಲ್ಯೂಮ್ ನಾಬ್ ಕಡಿಮೆ ಮಟ್ಟದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ನೋಡಿ ನಿರ್ಧರಿಸಬೇಕು.

ಮೊದಲು ವ್ಯಾಟುಗಳ ಲೆಕ್ಕ. ಬಿ5.2 ಸ್ಪೀಕರಿನ ವಿದ್ಯುತ್ ತಡೆ 6 ಓಮ್, ಅದಕ್ಕೆ 2.83 ವೋಲ್ಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 86 ಡೆಸಿಬಲ್ ಸದ್ದು ಬರುತ್ತದೆ ಎಂದು ತಯಾರಕರು ಹೇಳುತ್ತಾರೆ. 6 ಓಮ್‌ಗೆ 2.83 ವೋಲ್ಟ್ ಎಂದರೆ 1.3 ವ್ಯಾಟಿನಷ್ಟು. ನೀವು ಮುಕ್ಕಾಲು ಮೀಟರ್ ದೂರದಲ್ಲಿರುವುದರಿಂದ ಎರಡೂವರೆ ಡೆಸಿಬಲ್, ಸ್ಪೀಕರ್‌ಗಳು ಎರಡಿರುವುದರಿಂದ ಮತ್ತೊಂದು ಮೂರು ಡೆಸಿಬಲ್ ಸೇರಿ, ಅದೇ 1.3 ವ್ಯಾಟಿಗೆ ನಿಮ್ಮ ಕಿವಿಯ ಬಳಿ ಹೆಚ್ಚುಕಡಿಮೆ 91 ಡೆಸಿಬಲ್ ಆಗುತ್ತದೆ. ಕೆಲಸ ಮಾಡುತ್ತ ಸಂಗೀತ ಕೇಳುವಾಗ ಸರಾಸರಿ ಮಟ್ಟ 75 ಡೆಸಿಬಲ್ ದಾಟುವುದು ಅಪರೂಪ, ಮತ್ತು ಆ ಮಟ್ಟಕ್ಕೆ ಪ್ರತಿ ಸ್ಪೀಕರಿಗೆ ಬೇಕಾಗುವುದು ಒಂದು ವ್ಯಾಟಿನ ಮೂವತ್ತನೆಯ ಒಂದು ಭಾಗ ಮಾತ್ರ. ತನಿ ಆವರ್ತನದಲ್ಲಿ ಮೃದಂಗದ ಹೊಡೆತ ಸರಾಸರಿಗಿಂತ 20 ಡೆಸಿಬಲ್ ಮೇಲೆ ಹಾರಿತು ಎಂದು ಉದಾರವಾಗಿಯೇ ಇಟ್ಟುಕೊಂಡರೂ, ಆ ಕ್ಷಣಕ್ಕೆ ಬೇಕಾದದ್ದು ಮೂರು ಮೂರೂವರೆ ವ್ಯಾಟ್. ಸರಾಸರಿಯನ್ನೇ 85 ಡೆಸಿಬಲ್‌ಗೆ ಏರಿಸಿದರೆ ಶಿಖರದ ಕ್ಷಣಗಳಿಗೆ 33 ವ್ಯಾಟ್ ಬೇಕಾಗುತ್ತದೆ. ಆದರೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಕೇಳಬಾರದು ಎಂದು ಹಾಕಿರುವ ಗೆರೆ ಅದೇ 85 ಡೆಸಿಬಲ್. ಹಾಗಾಗಿ ಆ ಮಟ್ಟದಲ್ಲಿ ದಿನವಿಡೀ ಕೇಳಿ ಎಂದು ನಾನು ಯಾರಿಗೂ ಹೇಳಲಾರೆ.

ಹೀಗಾಗಿ ಪ್ರತಿ ಚಾನೆಲ್‌ಗೆ ಪ್ರಾಮಾಣಿಕವಾದ 30 ವ್ಯಾಟ್ ಇದ್ದರೆ ನಿಮ್ಮ ಮೇಜಿಗೆ ಧಾರಾಳವಾಯಿತು. 1978ರಲ್ಲಿ ಬಂದ ನ್ಯಾಡ್ 3020 ಆಂಪ್ಲಿಫೈಯರ್ ಕಾಗದದ ಮೇಲೆ ಬರೀ 20 ವ್ಯಾಟಿನದು. ಅದು ಲೆಕ್ಕವಿಲ್ಲದಷ್ಟು ಮನೆಗಳಲ್ಲಿ, ಮೇಜಿನ ಮೇಲಲ್ಲ, ಇಡೀ ಹಜಾರಕ್ಕೇ ಸಂಗೀತ ಕೇಳಿಸಿತು. ವ್ಯಾಟ್ ದುಪ್ಪಟ್ಟಾದರೆ ಏರುವುದು ಮೂರೇ ಡೆಸಿಬಲ್ ಎಂಬುದನ್ನು ನೆನಪಿಟ್ಟುಕೊಂಡರೆ 50 ಮತ್ತು 100 ವ್ಯಾಟುಗಳ ನಡುವಿನ ವ್ಯತ್ಯಾಸ ನಿಮ್ಮ ನಿದ್ದೆ ಕೆಡಿಸುವುದಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಪಿಎ3255 ಎಂಬ ಚಿಪ್ ಈಗ ಚಿಕ್ಕ ಆಂಪ್ಲಿಫೈಯರ್‌ಗಳಲ್ಲಿ ಬಹಳ ಕಡೆ ಕಾಣುತ್ತದೆ. ಕಂಪನಿಯ ದತ್ತಪತ್ರದಲ್ಲಿ ಅದಕ್ಕೆ 4 ಓಮ್‌ನಲ್ಲಿ 315 ವ್ಯಾಟ್ ಎಂದಿದೆ. ಆದರೆ ಅದು ಐವತ್ತು ವೋಲ್ಟಿನ ಆಸುಪಾಸಿನ ಬಲವಾದ ಪವರ್ ಸಪ್ಲೈ ಇದ್ದಾಗ, ಶೇಕಡ 10ರಷ್ಟು ವಿರೂಪವನ್ನು ಒಪ್ಪಿಕೊಂಡು ಅಳೆದದ್ದು. ಶೇಕಡ 10 ವಿರೂಪ ಎಂದರೆ ಹಾಡು ಒಡೆದಂತೆ ಕೇಳಿಸುತ್ತದೆ. ಆ ಅಂಕಿಯನ್ನೇ ತಂದು '300 ವ್ಯಾಟ್ × 2' ಎಂದು ಮುದ್ರಿಸಿದ ಪೆಟ್ಟಿಗೆಯೊಳಗೆ 32 ವೋಲ್ಟ್, 5 ಆಂಪಿಯರಿನ ಅಡಾಪ್ಟರ್ ಇದ್ದರೆ ಎರಡನ್ನೂ ಗುಣಿಸಿ ನೋಡಿ: ಗೋಡೆಯಿಂದ ಬರುವುದೇ 160 ವ್ಯಾಟ್. 160 ಒಳಗೆ ಹೋಗಿ 600 ಹೊರಗೆ ಬರುವುದು ಸಾಧ್ಯವಿಲ್ಲ. ಆದ್ದರಿಂದ ನಾನು ಮೊದಲು ಓದುವುದು ಅಡಾಪ್ಟರಿನ ಮೇಲಿನ ಚೀಟಿಯನ್ನೇ. ಈ ಬಗೆಯ ಚಿಪ್‌ಗಳಲ್ಲಿ ಸ್ಪೀಕರಿಗೆ ಸಿಗುವ ಗರಿಷ್ಠ ವೋಲ್ಟೇಜು ಹೆಚ್ಚುಕಡಿಮೆ ಅಡಾಪ್ಟರಿನ ವೋಲ್ಟೇಜಿನಷ್ಟೇ ಇರುತ್ತದೆ; ಅದರ ವರ್ಗವನ್ನು (ಅದನ್ನು ಅದರಿಂದಲೇ ಗುಣಿಸಿ ಬಂದದ್ದನ್ನು) ಸ್ಪೀಕರಿನ ಓಮ್‌ನ ಎರಡರಷ್ಟರಿಂದ ಭಾಗಿಸಿದರೆ ಮೇಲ್ಮಿತಿ ಗೊತ್ತಾಗುತ್ತದೆ. ನಿಮ್ಮ 6 ಓಮ್ ಸ್ಪೀಕರಿಗೆ 19 ವೋಲ್ಟಿನ ಹಳೆಯ ಲ್ಯಾಪ್‌ಟಾಪ್ ಅಡಾಪ್ಟರ್ 30 ವ್ಯಾಟ್, 24 ವೋಲ್ಟಿನದು 48 ವ್ಯಾಟ್, 32 ವೋಲ್ಟಿನದು 85 ವ್ಯಾಟ್ ತನಕ ದಾರಿ ಕೊಡುತ್ತದೆ. ನಷ್ಟಗಳಿಗಾಗಿ ಇವುಗಳಲ್ಲಿ ಸ್ವಲ್ಪ ಕಳೆದುಕೊಂಡರೂ ನಿಮಗೆ ಕೊರತೆಯಾಗದು. 48 ವೋಲ್ಟಿನ ಅಡಾಪ್ಟರಿಗೆ ಹೆಚ್ಚು ಹಣ ಕೊಡಬೇಡಿ. ಅದರ ಬದಲು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇರುವ ಅಡಾಪ್ಟರನ್ನು ಕೇಳಿ ಪಡೆಯಿರಿ.

ಗೆಳೆಯರು ಹೇಳಿದ 'ತೆಳು ನಾದ'ದ ಮಾತನ್ನು ಅಲ್ಲಗಳೆದು ಮುಂದೆ ಹೋಗುವುದು ನ್ಯಾಯವಲ್ಲ, ಏಕೆಂದರೆ ಅದರ ಹಿಂದೆ ನಿಜವಾದ ಕಾರಣವಿದೆ. ಕ್ಲಾಸ್ ಡಿ ಆಂಪ್ಲಿಫೈಯರ್ ತನ್ನ ಔಟ್‌ಪುಟ್ಟನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಪೂರ್ತಿ ಹಚ್ಚಿ ಪೂರ್ತಿ ಆರಿಸುತ್ತ ಹೋಗುತ್ತದೆ; ಆ ಮಿಡಿತಗಳನ್ನು ಸಪಾಟು ಮಾಡಿ ಸಂಗೀತವನ್ನಷ್ಟೇ ಸ್ಪೀಕರಿಗೆ ಬಿಡಲು ಕೊನೆಯಲ್ಲಿ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿದ ಫಿಲ್ಟರ್ ಇರುತ್ತದೆ. ಈ ಫಿಲ್ಟರನ್ನು ಯಾವುದೋ ಒಂದು ನಿಗದಿತ ಓಮ್‌ಗೆ ಲೆಕ್ಕ ಹಾಕಿ ಮಾಡಿರುತ್ತಾರೆ, ಆದರೆ ನಿಜವಾದ ಸ್ಪೀಕರಿನ ಓಮ್ ಸ್ವರದಿಂದ ಸ್ವರಕ್ಕೆ ಬದಲಾಗುತ್ತಿರುತ್ತದೆ. ಟ್ವೀಟರಿನ, ಅಂದರೆ ತಾರಸ್ವರಗಳನ್ನು ನುಡಿಸುವ ಚಿಕ್ಕ ಘಟಕದ ವಲಯದಲ್ಲಿ ಓಮ್ ಮೇಲೇರಿದರೆ ತಾರಸ್ವರಗಳ ಸದ್ದು ಉಬ್ಬುತ್ತದೆ, ಇಳಿದರೆ ಕುಗ್ಗುತ್ತದೆ. ಒಂದೇ ಆಂಪ್ಲಿಫೈಯರ್ ಒಬ್ಬರ ಮನೆಯಲ್ಲಿ ಚುಚ್ಚುವಂತೆಯೂ ಇನ್ನೊಬ್ಬರ ಮನೆಯಲ್ಲಿ ಮಂಕಾಗಿಯೂ ಕೇಳಿಸಲು ಇದೇ ಕಾರಣ, ಮತ್ತು ಕ್ಲಾಸ್ ಡಿ ಕುರಿತ ಅನೇಕ ಜಗಳಗಳ ಮೂಲವೂ ಇದೇ. ಫಿಲ್ಟರಿನ ಆಚೆ ಬದಿಯಿಂದ ಸಿಗ್ನಲ್ಲನ್ನು ಹಿಂದಕ್ಕೆ ತಂದು ತಪ್ಪನ್ನು ತಿದ್ದುವ ಜೋಡಣೆ ಇದ್ದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ತಯಾರಕರು ಅದನ್ನು ಪಿಎಫ್‌ಎಫ್‌ಬಿ (PFFB, ಪೋಸ್ಟ್ ಫಿಲ್ಟರ್ ಫೀಡ್‌ಬ್ಯಾಕ್) ಎಂದು ಕರೆದುಕೊಳ್ಳುತ್ತಾರೆ. ವಿವರಣೆಯಲ್ಲಿ ಆ ಅಕ್ಷರಗಳು ಕಂಡರೆ ಅದಕ್ಕೆ ನಾನು ಸಂತೋಷದಿಂದ ಸ್ವಲ್ಪ ಹೆಚ್ಚು ಹಣ ಕೊಡುತ್ತೇನೆ.

ಹಳೆಯ ಮಾದರಿಯ ಕ್ಲಾಸ್ ಎಬಿ ಆಂಪ್ಲಿಫೈಯರ್‌ಗಳಲ್ಲಿ ಈ ಸಮಸ್ಯೆಯಿಲ್ಲ, ಅವುಗಳ ನಾದ ನನಗೂ ಪ್ರಿಯ. ಆದರೆ ಅವು ಸಾಮಾನ್ಯವಾಗಿ ನಲವತ್ತಕ್ಕೂ ಹೆಚ್ಚು ಸೆಂಟಿಮೀಟರ್ ಅಗಲದವು, ಸುಮ್ಮನಿರುವಾಗಲೂ ಬಿಸಿಯಾಗುವಂಥವು, ಮೇಲ್ಗಡೆ ಗಾಳಿ ಆಡಲು ಜಾಗ ಬೇಡುವಂಥವು. ಪುಸ್ತಕಗಳೂ ಕಾಗದಗಳೂ ತುಂಬಿದ ಮೇಜಿಗೆ ಅದು ಹೊಂದದು. ನಮ್ಮ ಊರುಗಳಲ್ಲಿ ಮತ್ತೊಂದು ಮಾತೂ ಇದೆ: ಕರೆಂಟ್ ಹೋದಾಗ ಮನೆ ಸ್ಕ್ವೇರ್ ವೇವ್ ಇನ್‌ವರ್ಟರಿನ ಮೇಲೆ ನಡೆಯುವುದಾದರೆ, ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್ ಗುಂಯ್ ಎಂದು ಗೊಣಗತೊಡಗುತ್ತದೆ, ಅಡಾಪ್ಟರಿನಿಂದ ನಡೆಯುವುದು ಸಾಮಾನ್ಯವಾಗಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಈಗ ನಾನು ಬಹಳ ಮುಖ್ಯವೆಂದು ಹೇಳಿದ ವಿಷಯಕ್ಕೆ ಬರುತ್ತೇನೆ. ಹಜಾರದಲ್ಲಿ ಮೂರು ಮೀಟರ್ ದೂರ ಕುಳಿತವರಿಗೆ ಕೇಳಿಸದ 'ಸುಸ್' ಎಂಬ ಸದ್ದು ಮೇಜಿನ ಮುಂದೆ ಕುಳಿತವರಿಗೆ ಕೇಳಿಸುತ್ತದೆ. ರಾತ್ರಿ ಫ್ಯಾನ್ ಆರಿಸಿ ಆಲಾಪನೆಯೊಂದನ್ನು ಕೇಳುತ್ತಿರುವಾಗ, ಗಾಯಕರು ಉಸಿರೆಳೆದುಕೊಳ್ಳುವ ಎಡೆಯಲ್ಲಿ ತಂಬೂರಿಯ ಜೊತೆಗೆ ಟ್ವೀಟರಿನ ಸುಯ್ಯೂ ಸೇರಿಕೊಂಡರೆ, ಎಷ್ಟು ವ್ಯಾಟ್ ಇದ್ದೂ ಪ್ರಯೋಜನವಿಲ್ಲ. ಆಂಪ್ಲಿಫೈಯರಿನ ಔಟ್‌ಪುಟ್ ನಾಯ್ಸ್ ಎಷ್ಟು ಮೈಕ್ರೋವೋಲ್ಟ್ ಎಂದು ಒಳ್ಳೆಯ ವಿಮರ್ಶಕರು ಅಳೆದು ಹೇಳಿರುತ್ತಾರೆ. ನಿಮ್ಮ ಸ್ಪೀಕರಿನ ಲೆಕ್ಕದಲ್ಲಿ ಅದು 100 ಮೈಕ್ರೋವೋಲ್ಟಿನ ಸುತ್ತಮುತ್ತ ಇದ್ದರೆ ಮುಕ್ಕಾಲು ಮೀಟರಿನಲ್ಲಿ ಕೇಳಿಸುವುದಿಲ್ಲ. ಒಂದು ಮಿಲಿವೋಲ್ಟ್ ಎಂದರೆ ಹತ್ತು ಪಟ್ಟಾದರೆ, ನಿಶ್ಶಬ್ದವಾದ ಕೋಣೆಯಲ್ಲಿ ಅದು ನಿಮ್ಮನ್ನು ಕಾಡಬಲ್ಲದು. ಗಮನಿಸಿ, ಈ ಸದ್ದು ವಾಲ್ಯೂಮ್ ನಾಬಿನ ನಂತರದ ಹಂತದಲ್ಲಿ ಹುಟ್ಟುವುದರಿಂದ ನಾಬನ್ನು ಪೂರ್ತಿ ಇಳಿಸಿದರೂ ಹೋಗುವುದಿಲ್ಲ.

ನಾಬಿನ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಕಂಪ್ಯೂಟರಿನ ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ಸಿಗ್ನಲ್ಲಾಗಿ ಬದಲಿಸುವ ಯುಎಸ್‌ಬಿ ಡ್ಯಾಕ್‌ಗಳು ಪೂರ್ಣ ಮಟ್ಟದಲ್ಲಿ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ. ಆಂಪ್ಲಿಫೈಯರ್ ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ, ಅಂದರೆ ಗೇನ್, 26 ಡೆಸಿಬಲ್ ಅಥವಾ 20 ಪಟ್ಟು ಆಗಿದ್ದರೆ ಆ 2 ವೋಲ್ಟ್ 40 ಆಗಬೇಕು. ಆದರೆ 24 ವೋಲ್ಟಿನ ಅಡಾಪ್ಟರ್ ಇದ್ದಲ್ಲಿ ಸುಮಾರು 17 ವೋಲ್ಟಿಗೇ (ಶಿಖರದ 24 ವೋಲ್ಟಿಗೆ ಸಮನಾದ ಆರ್‌ಎಂಎಸ್ ಲೆಕ್ಕದಲ್ಲಿ) ದಾರಿ ಮುಗಿಯುತ್ತದೆ, ಮತ್ತು ನಿಮ್ಮ ದಿನನಿತ್ಯದ 75 ಡೆಸಿಬಲ್‌ಗೆ ಬೇಕಾದದ್ದು ಅರ್ಧ ವೋಲ್ಟ್ ಮಾತ್ರ. ಪರಿಣಾಮವಾಗಿ ನಾಬನ್ನು ಸ್ವಲ್ಪ ತಿರುಗಿಸುತ್ತಿದ್ದಂತೆಯೇ ಸದ್ದು ಸಾಕಾಗಿಬಿಡುತ್ತದೆ, ಮತ್ತು ಅಗ್ಗದ ನಾಬ್‌ಗಳಲ್ಲಿ ಎಡ ಬಲಗಳ ಸಮತೋಲ ತಪ್ಪುವುದು ಸರಿಯಾಗಿ ಆ ಜಾಗದಲ್ಲೇ. ಗಾಯಕರು ನಡುವಿನಿಂದ ಸರಿದು ಒಂದು ಬದಿಯ ಸ್ಪೀಕರಿನ ಕಡೆ ಕುಳಿತಂತೆ ಕೇಳಿಸುವುದು ಇದರಿಂದಲೇ. ಗೇನ್ ಕಡಿಮೆ ಮಾಡುವ ಸ್ವಿಚ್ ಇರುವ ಆಂಪ್ಲಿಫೈಯರ್ ಸಿಕ್ಕರೆ ಅದನ್ನೇ ಆರಿಸಿ. ಇಲ್ಲವಾದರೆ ಲ್ಯಾಪ್‌ಟಾಪಿನಲ್ಲಿ ಔಟ್‌ಪುಟ್ ಮಟ್ಟವನ್ನು ಹದಿನೈದು ಇಪ್ಪತ್ತು ಡೆಸಿಬಲ್ ಇಳಿಸಿ ನಾಬನ್ನು ನಡುಮಟ್ಟದಲ್ಲಿಡಿ. 24 ಬಿಟ್ಟಿನ ಡ್ಯಾಕ್‌ನಲ್ಲಿ ಹೀಗೆ ಇಳಿಸುವುದರಿಂದ ಕಿವಿಗೆ ತಿಳಿಯುವಂಥ ನಷ್ಟವಿಲ್ಲ.

ಕಂಪ್ಯೂಟರಿಗೆ ಜೋಡಿಸಿದಾಗ ಮಾತ್ರ ಬರುವ ಕಿರಿಕಿರಿಯ ಸದ್ದು, ಅದರಲ್ಲೂ ಮೌಸ್ ಸರಿಸಿದಾಗ ಬದಲಾಗುವ ಸದ್ದು, ಬೇರೆ ರೋಗ. ಲ್ಯಾಪ್‌ಟಾಪ್ ಅಡಾಪ್ಟರಿನ ಅರ್ತೂ ಆಂಪ್ಲಿಫೈಯರಿನ ಅರ್ತೂ ಸಿಗ್ನಲ್ ತಂತಿಯ ಮೂಲಕ ಸೇರಿ ಒಂದು ಸುತ್ತು ಆಗಿರುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಸದ್ದು ನಿಂತರೆ ಕಾರಣ ಇದೇ. ಆಪ್ಟಿಕಲ್ ತಂತಿ ಬಳಸಿದರೆ ವಿದ್ಯುತ್ ಸಂಬಂಧವೇ ಕಡಿಯುವುದರಿಂದ ಸದ್ದು ನಿಲ್ಲುತ್ತದೆ. ಬ್ಯಾಲೆನ್ಸ್ಡ್ (ಸಿಗ್ನಲ್ಲನ್ನು ಎರಡು ತಂತಿಗಳಲ್ಲಿ ಕಳಿಸಿ, ನಡುವೆ ಸೇರಿಕೊಂಡ ಸದ್ದನ್ನು ಕಳೆಯುವ) ಔಟ್‌ಪುಟ್ ಇರುವ ಡ್ಯಾಕ್, ಬ್ಯಾಲೆನ್ಸ್ಡ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಜೊತೆಯಾದರೂ ಆಗುತ್ತದೆ. ದಯವಿಟ್ಟು ಯಾರ ಮಾತು ಕೇಳಿಯೂ ಪ್ಲಗ್ಗಿನ ಅರ್ತ್ ಪಿನ್ನನ್ನು ಕತ್ತರಿಸಬೇಡಿ. ಅದು ಜೀವ ಉಳಿಸಲು ಇರುವ ಪಿನ್.

ಉಳಿದವುಗಳಲ್ಲಿ ಹೆಚ್ಚು ಯೋಚಿಸಬೇಕಾದದ್ದಿಲ್ಲ. ಬ್ಲೂಟೂತ್ ಇದ್ದರೆ ಇರಲಿ, ಆದರೆ ವಿಡಿಯೋ ನೋಡುವಾಗ ತುಟಿಗೂ ಮಾತಿಗೂ ಅಂತರ ಬೀಳುವುದರಿಂದ ತಂತಿಯನ್ನೇ ನಂಬಿ. ಎರಡು ಮೀಟರ್ ದೂರಕ್ಕೆ ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್ ತಾಮ್ರದ ವೈರು ಸಾಕು. ಸಿಗ್ನಲ್ ಹಿಗ್ಗಿಸುವ ಆಪ್‌ಆಂಪ್ ಎಂಬ ಚಿಕ್ಕ ಚಿಪ್ ಬದಲಿಸಿ ನಾದ ಸುಧಾರಿಸಿ ಎನ್ನುವ ಜಾಹೀರಾತುಗಳಿಗೆ ನಾನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಸಬ್‌ವೂಫರ್ ಔಟ್‌ಪುಟ್ ಇರುವುದು ಒಳ್ಳೆಯದು, ನಾಳೆ ಬೇಕಾಗಬಹುದು. ಆದರೆ ಈ ಚಿಪ್‌ಗಳಲ್ಲಿ ಸ್ಪೀಕರಿನ ಕಪ್ಪು ತುದಿಯೂ ಜೀವಂತವಾಗಿರುತ್ತದೆ, ಅಂದರೆ ಅದರಲ್ಲೂ ಸಿಗ್ನಲ್ ಇರುತ್ತದೆ. ಎಡ ಬಲಗಳ ಕಪ್ಪು ತುದಿಗಳನ್ನು ಒಂದಕ್ಕೊಂದು ಸೇರಿಸುವುದಾಗಲಿ, ಅರ್ತಿಗೆ ಮುಟ್ಟಿಸುವುದಾಗಲಿ ಮಾಡಿದರೆ ಚಿಪ್ ಸುಟ್ಟುಹೋಗಬಹುದು.

ಹೆಸರು ಹೇಳಿ ಎಂದಿದ್ದೀರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಟಿಪಿಎ3255 ಚಿಪ್ ಇರುವ ಫೋಸಿ ವಿ3 ಅಥವಾ ಐಯಿಮಾ ಎ07, ಎರಡರಲ್ಲಿ ಯಾವುದಕ್ಕೆ ಭಾರತದ ಬಿಲ್ಲೂ ಖಾತರಿಯೂ ಸಿಗುತ್ತದೋ ಅದನ್ನು 32 ವೋಲ್ಟಿನ ಅಡಾಪ್ಟರಿನೊಂದಿಗೆ ಕೊಳ್ಳುತ್ತಿದ್ದೆ. ಕಂಪ್ಯೂಟರಿನ ಸದ್ದು ಈಗಾಗಲೇ ಕಾಡುತ್ತಿದ್ದರೆ ಬ್ಯಾಲೆನ್ಸ್ಡ್ ಇನ್‌ಪುಟ್ ಇರುವ ಫೋಸಿ ಜಡ್‌ಎ3 ಕಡೆ ವಾಲುತ್ತಿದ್ದೆ. ಡ್ಯಾಕ್, ಅಡಾಪ್ಟರ್ ಎಂಬ ಬಿಡಿಭಾಗಗಳೇ ಬೇಡ, ಮೊಬೈಲಿನಿಂದಲೂ ನೇರವಾಗಿ ಹಾಡಬೇಕು ಎನ್ನುವುದಾದರೆ ಪವರ್ ಸಪ್ಲೈ ಒಳಗೇ ಇರುವ, 8 ಓಮ್‌ಗೆ 60 ವ್ಯಾಟಿನ ವೀಮ್ ಆಂಪ್ ಇದೆ. ಬೆಲೆ ಹೆಚ್ಚು, ಆದರೆ ಸಬ್‌ವೂಫರ್ ಸೇರಿಸುವ ಮತ್ತು ಕೋಣೆಗೆ ತಕ್ಕಂತೆ ನಾದ ತಿದ್ದುವ ಸೌಕರ್ಯ ಅದರಲ್ಲಿದೆ. ಹಣದ ಬಿಗಿ ಇದ್ದರೆ ಟಿಪಿಎ3116 ಚಿಪ್ಪಿನ ಚಿಕ್ಕ ಆಂಪ್ಲಿಫೈಯರ್‌ಗಳೂ 24 ವೋಲ್ಟಿನಲ್ಲಿ ನಿಮ್ಮ ಮೇಜಿಗೆ ಶಕ್ತಿಯ ಕೊರತೆ ಮಾಡುವುದಿಲ್ಲ. ಅವುಗಳಲ್ಲಿ ಸುಯ್ ಸದ್ದನ್ನು ಮಾತ್ರ ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಿ.

ಯಾವುದನ್ನೇ ಕೊಂಡರೂ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಹೀಗೆ ಮಾಡಿ. ಇನ್‌ಪುಟ್ಟಿಗೆ ಏನನ್ನೂ ಜೋಡಿಸದೆ, ನಾಬನ್ನು ಸೊನ್ನೆಯಲ್ಲಿಟ್ಟು, ರಾತ್ರಿಯ ನಿಶ್ಶಬ್ದದಲ್ಲಿ ನಿಮ್ಮ ಕುರ್ಚಿಯಲ್ಲಿ ಕುಳಿತು ಕೇಳಿ. ಆಮೇಲೆ ಲ್ಯಾಪ್‌ಟಾಪನ್ನು ಜೋಡಿಸಿ, ಚಾರ್ಜರ್ ಹಾಕಿ, ಹಾಡು ನುಡಿಸದೆಯೇ ಮತ್ತೆ ಕೇಳಿ. ನಂತರ ಒಬ್ಬರೇ ಮಾತನಾಡುವ ಮೋನೋ ಧ್ವನಿಮುದ್ರಣವೊಂದನ್ನು ಬಹಳ ಮೆಲ್ಲಗೆ ಹಾಕಿ, ಆ ಧ್ವನಿ ಎರಡು ಸ್ಪೀಕರ್‌ಗಳ ಸರಿಯಾದ ನಡುವಿನಲ್ಲಿ ನಿಲ್ಲುತ್ತದೆಯೇ ನೋಡಿ. ಈ ಮೂರರಲ್ಲಿ ಯಾವುದರಲ್ಲಿ ಸೋತರೂ, ಮೊದಲು ತಂತಿಗಳನ್ನು ಬದಲಿಸಿ ಮತ್ತೊಮ್ಮೆ ಪರೀಕ್ಷಿಸಿ. ಆಗಲೂ ಹಾಗೆಯೇ ಇದ್ದರೆ ಅದು ಎಷ್ಟು ವ್ಯಾಟಿನದೆಂದು ನೋಡದೆ ಹಿಂದಿರುಗಿಸಿಬಿಡಿ.